ಡ್ಯೂಕನ ಲ್ಯೂಟಿಗೆ ನಾನು ಶ್ರುತಿ ಮಾಡಿದ್ದು

ನನ್ನ ಕಿವಿಯ ಬಗ್ಗೆ ಮೊದಲೇ ಹೇಳಿಬಿಡುತ್ತೇನೆ. ಅದು ಸಾಮಾನ್ಯ ಕಿವಿಯಲ್ಲ. ಹತ್ತನೆಯ ವಯಸ್ಸಿನಲ್ಲಿ ಮೈಸೂರಿನಲ್ಲಿ ಎರಡು ವರ್ಷ ವೀಣೆ ಕಲಿತೆ. ಎರಡನೆಯ ವರ್ಷದ ಕೊನೆಗೆ ನಮ್ಮ ಮೇಷ್ಟ್ರು ಅಪ್ಪನನ್ನು ಕರೆಸಿ, ಕೂರಿಸಿ, ಕಾಫಿ ಕೊಟ್ಟು, "ಹುಡುಗನಿಗೆ ಕಿವಿ ಬಹಳ ಚೆನ್ನಾಗಿದೆ, ಇನ್ನು ಮೇಲೆ ಕೇಳ್ಕೊಂಡಿರಲಿ" ಎಂದರಂತೆ. ಮರುದಿನದಿಂದ ಪಾಠ ನಿಂತಿತು. ಆ ಮಾತನ್ನು ನಾನು ಮೂವತ್ತು ವರ್ಷ ಪ್ರಶಸ್ತಿಪತ್ರದ ಹಾಗೆ ಕಾಪಾಡಿಕೊಂಡು ಬಂದಿದ್ದೇನೆ. ಅಮೆರಿಕದ ಬೆಲ್ವ್ಯೂನಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಪಕ್ಕದ ಮನೆಯ ಫ್ರಿಜ್ಜು ಯಾವ ಶ್ರುತಿಯಲ್ಲಿ ಗುಂಯ್‌ಗುಡುತ್ತದೆ ಎಂದು ಗೋಡೆಯ ಈಚೆಯಿಂದ ಹೇಳಬಲ್ಲೆ. ಇದುವರೆಗೆ ಯಾರೂ ಕೇಳಿಲ್ಲ, ಅದು ಬೇರೆ ವಿಷಯ.

ನನ್ನ ಹೆಂಡತಿ ಸುಮನಾ ಮೈಸೂರಿನ ಕಾಲೇಜೊಂದರಲ್ಲಿ ಇಂಗ್ಲಿಷ್ ಪಾಠ ಮಾಡುತ್ತಿದ್ದವಳು. ನಾಲ್ಕು ನೂರು ವರ್ಷ ಹಿಂದಿನ ಇಂಗ್ಲಿಷ್ ನಾಟಕಗಳಲ್ಲಿ ಸಂಗೀತದ ಮಾತು ಎಲ್ಲೆಲ್ಲಿ ಬರುತ್ತದೆ, ಯಾಕೆ ಬರುತ್ತದೆ ಎಂಬುದರ ಮೇಲೆ ಎಂ.ಫಿಲ್. ಮಾಡಿದ್ದಾಳೆ. ನನ್ನ ವೀಸಾದ ಬಾಲ ಹಿಡಿದು ಇಲ್ಲಿಗೆ ಬಂದ ಮೇಲೆ ಏಳು ವರ್ಷ ಅವಳಿಗೆ ಕೆಲಸ ಮಾಡುವ ಹಕ್ಕೇ ಇರಲಿಲ್ಲ. ಆ ಪ್ರಬಂಧ ಬೀರುವಿನಲ್ಲಿ ಪಾಸ್‌ಪೋರ್ಟುಗಳ ಕೆಳಗೆ ಮಲಗಿತ್ತು. ಕೊನೆಗೆ ನಮ್ಮಂಥವರ ಹೆಂಡತಿಯರಿಗೂ ವರ್ಕ್ ಪರ್ಮಿಟ್ ಕೊಡುವ ನಿಯಮ ಬಂದು ಕಾರ್ಡು ಕೈಸೇರಿತು. ಕಾರ್ಡೇನೋ ಬಂತು, ಕೆಲಸ ಬರಲಿಲ್ಲ. ಏಳು ವರ್ಷ ಏನು ಮಾಡುತ್ತಿದ್ದಿರಿ ಎಂದು ಎಲ್ಲರೂ ಕೇಳುವವರೇ. ಅವಳು ನಗುತ್ತ ಏನೋ ಉತ್ತರ ಹೇಳಿ ಫೋನ್ ಇಟ್ಟು, ಆಮೇಲೆ ಬಹಳ ಹೊತ್ತು ಪಾತ್ರೆ ತೊಳೆಯುತ್ತಿದ್ದಳು. ಪಾತ್ರೆ ತೊಳೆಯುವ ಮೆಷಿನ್ನು ಪಕ್ಕದಲ್ಲೇ ಇತ್ತು.

ಅಷ್ಟರಲ್ಲಿ ಪಕ್ಕದ ಊರು ನ್ಯೂಕ್ಯಾಸಲ್‌ನ ಒಂದು ಹವ್ಯಾಸಿ ನಾಟಕ ತಂಡ ಅವಳ ಕಣ್ಣಿಗೆ ಬಿತ್ತು. ಅದರ ಯಜಮಾನ ವಾಲ್ಟರ್, ಎಪ್ಪತ್ತು ದಾಟಿದವನು, ವಿಮಾನದ ರೆಕ್ಕೆ ವಿನ್ಯಾಸ ಮಾಡಿ ನಿವೃತ್ತನಾದವನು. ಎಲ್ಲರೂ ಮರೆತ ಒಂದು ಹಳೆಯ ನಾಟಕವನ್ನು ಹುಡುಕಿ ತೆಗೆದು, ಡ್ಯೂಕನ ಪಾತ್ರವನ್ನು ತಾನೇ ಇಟ್ಟುಕೊಂಡಿದ್ದ. ಸುಮನಾಳಿಗೆ ಡ್ಯೂಕನ ಹೆಂಡತಿ ಡಚೆಸ್ ಪಾತ್ರ ಸಿಕ್ಕಿತು. ಸಿಕ್ಕಿದ್ದು ಪಾತ್ರ ಮಾತ್ರವಲ್ಲ. ಸಮೀಪದ ಕಾಲೇಜಿನ ನಾಟಕ ವಿಭಾಗದ ಹೆಲೆನ್ ಎಂಬಾಕೆ ಪ್ರದರ್ಶನಕ್ಕೆ ಬರುವವಳಿದ್ದಳು. ಹಳೆಯ ನಾಟಕಗಳ ಬಗ್ಗೆ ಒಂದು ಸಂಜೆಯ ತರಗತಿಗೆ ಆಕೆ ಪಾಠ ಮಾಡುವವರನ್ನು ಹುಡುಕುತ್ತಿದ್ದಳು. ಮೊದಲು ನಿನ್ನ ಕೆಲಸ ನೋಡುತ್ತೇನೆ, ಆಮೇಲೆ ಮಾತಾಡೋಣ ಎಂದು ಸುಮನಾಳಿಗೆ ಹೇಳಿದ್ದಳು.

ಆರು ವಾರ ನಾನೇ ಸುಮನಾಳನ್ನು ರಿಹರ್ಸಲ್ಲಿಗೆ ಕರೆದೊಯ್ದೆ. ನಮ್ಮ ಮಿನಿವ್ಯಾನು ದೊಡ್ಡದಾದ್ದರಿಂದ ನಾಟಕದ ಸಾಮಾನಿನ ಜವಾಬ್ದಾರಿಯೂ ನನ್ನ ಹೆಗಲಿಗೇ ಬಿತ್ತು. ಹೋಗುವಾಗ ಬರುವಾಗ ಅವಳು ನಾಟಕದ ಕತೆಯನ್ನೂ ತನ್ನ ಮುಖ್ಯ ದೃಶ್ಯವನ್ನೂ ವಿವರಿಸುತ್ತಿದ್ದಳು. ನಾನು ಎಡಗಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು, ಸಂಗೀತ ಕಚೇರಿ ಕೇಳುತ್ತ, ಹೂಂ ಎನ್ನುತ್ತಿದ್ದೆ. 405 ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಒಂದು ಪೂರ್ಣ ರಾಗಾಲಾಪನೆ ಮುಗಿಯುತ್ತದೆ. ಹಾಲ್ ತಲುಪಿದ ಮೇಲೆ ಅವಳು ಒಳಗೆ ಹೋಗುತ್ತಿದ್ದಳು, ನಾನು ವ್ಯಾನಿನಲ್ಲೇ ಕೂತು ಮೃದಂಗದ ತನಿ ಆವರ್ತನ ಕೇಳಿ ಮುಗಿಸುತ್ತಿದ್ದೆ.

ಪ್ರದರ್ಶನ ಶನಿವಾರ ಮಧ್ಯಾಹ್ನ ಮೂರು ಗಂಟೆಗೆ. ಹನ್ನೆರಡಕ್ಕೇ ಹೋಗಿ ಸಾಮಾನು ಇಳಿಸಿ, ಮೇಜಿನ ಮೇಲೆ ಜೋಡಿಸಿದೆ. ಎರಡು ಕತ್ತಿ, ಒಂದು ಕಿರೀಟ, ಹಿತ್ತಾಳೆ ಲೋಟಗಳು. ಕೊನೆಗೆ ವಾಲ್ಟರ್ ಒಂದು ಉದ್ದನೆಯ ಪೆಟ್ಟಿಗೆ ತಂದು, ಮಗುವನ್ನು ಮಲಗಿಸುವ ಹಾಗೆ ಮೇಜಿನ ಮೇಲಿಟ್ಟು, ಮೀಸೆ ಅಂಟಿಸಿಕೊಳ್ಳಲು ಹೋದ. ಒಳಗಿದ್ದದ್ದು ಲ್ಯೂಟ್, ಆ ನಾಟಕಗಳ ಕಾಲದ ತಂತಿವಾದ್ಯ. ಅವನೇ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಕೂತು ಮಾಡಿದ್ದಂತೆ. ಸೀಳಿದ ಹಲಸಿನಹಣ್ಣಿಗೆ ಕತ್ತು ಜೋಡಿಸಿ, ಆ ಕತ್ತನ್ನು ಹಿಂದಕ್ಕೆ ತಿರುವಿದ ಹಾಗಿತ್ತು. ರಿಹರ್ಸಲ್ಲುಗಳಲ್ಲಿ ರಟ್ಟಿನ ಲ್ಯೂಟಿನಲ್ಲೇ ಕೆಲಸ ನಡೆದಿತ್ತು. ನಿಜವಾದದ್ದು ಅಂದೇ ಹೊರಗೆ ಬಂದದ್ದು.

ಒಂದು ಸಲ ಮೀಟಿದೆ. ಅಯ್ಯೋ! ಹದಿಮೂರು ತಂತಿಗಳಲ್ಲಿ ಐದು ಒಂದೊಂದು ದಿಕ್ಕಿಗೆ ಹೊರಟಿದ್ದವು. ಹಲ್ಲು ಜುಮ್ಮೆಂದಿತು. ಆ ಐದರ ಬಿರಡೆಗಳ ಮೇಲೆ ಸೀಮೆಸುಣ್ಣದ ಗುರುತಿತ್ತು. ಬಿರಡೆ ಜಾರಿದರೆ ನಮ್ಮಲ್ಲೂ ಸೀಮೆಸುಣ್ಣವನ್ನೇ ಹಚ್ಚುವುದಲ್ಲವೇ? ನನಗೆ ಎಲ್ಲವೂ ಅರ್ಥವಾಗಿಹೋಯಿತು. ಪಾಪ ಮುದುಕ, ಶ್ರುತಿ ಮಾಡಲು ಒದ್ದಾಡಿ, ಬಿರಡೆ ಜಾರಿ ಜಾರಿ ಸೋತು ಬಿಟ್ಟಿದ್ದಾನೆ. ಸುಮನಾಳ ಬದುಕಿನ ಅತಿ ಮುಖ್ಯವಾದ ದಿನ, ಇಂಥ ಅಪಶ್ರುತಿಯ ವಾದ್ಯ ಹಿಡಿದು ಅವಳು ಹೆಲೆನ್ ಎದುರು ನಿಲ್ಲಬೇಕೆ? ನಾನಿರುವಾಗ?

ಹಳೆಯ ಸುಣ್ಣ ಒರೆಸಿ ಹೊಸದು ಹಚ್ಚಿದೆ. ಫೋನಿನಲ್ಲಿ ತಂಬೂರಿ ಆ್ಯಪ್ ಹಾಕಿ ಒಂದೊಂದೇ ಬಿರಡೆ ತಿರುಗಿಸಿದೆ. ನಾಲ್ಕು ತಂತಿ ಹೇಳಿದ ಮಾತು ಕೇಳಿದವು. ಐದನೆಯದನ್ನು ಇನ್ನು ಒಂದೇ ಒಂದು ಕೂದಲೆಳೆ ಏರಿಸೋಣ ಎಂದುಕೊಂಡೆ. ಟಪ್ ಎಂದಿತು.

ವಾಲ್ಟರನಿಗೆ ಹೇಳಬಹುದಿತ್ತು. ಹೇಳಲಿಲ್ಲ. ತಂತಿ ಹುಡುಕಿಕೊಂಡು ಟಕ್ವಿಲಾದ ಮಾಲ್ ಕಡೆಗೆ ವ್ಯಾನು ಓಡಿಸಿದೆ. ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋಗುವವನಿಗೆ ಬುದ್ಧಿ ನೆಟ್ಟಗಿರುವುದಿಲ್ಲ. ಪಾರ್ಕಿಂಗಿಗಾಗಿ ಪ್ರದಕ್ಷಿಣೆ ಹಾಕುತ್ತಿದ್ದಾಗ ಸುಮನಾ ಫೋನ್ ಮಾಡಿ, ಎಲ್ಲಿದ್ದೀರಿ ಎಂದಳು. ಪಾರ್ಕಿಂಗ್ ಹುಡುಕುತ್ತಿದ್ದೇನೆ ಎಂದೆ. ಅದು ಸುಳ್ಳಲ್ಲ. ಯಾವ ಊರಿನಲ್ಲಿ ಎಂದು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಅಂಗಡಿಯವನ ಹತ್ತಿರ ಲ್ಯೂಟಿನ ತಂತಿ ಇರಲಿಲ್ಲ, ಗಿಟಾರಿನ ನೈಲಾನ್ ತಂತಿ ಇತ್ತು. ಅದನ್ನೇ ತಂದು, ಸಿಕ್ಕಿಸಿ, ಶ್ರುತಿ ಕೂಡಿಸಿದೆ. ಆಗ ಮೂರಕ್ಕೆ ಐದು ನಿಮಿಷ. ಕೊನೆಯ ಸಲ ಮೀಟಿ ನೋಡಿದೆ. ಷಡ್ಜ, ಪಂಚಮ, ಷಡ್ಜ. ಕಣ್ಣಲ್ಲಿ ನೀರು ಬಂತು. ಅಷ್ಟು ಚೆನ್ನಾಗಿ ನಾನು ವೀಣೆಗೂ ಎಂದೂ ಶ್ರುತಿ ಮಾಡಿರಲಿಲ್ಲ.

ಪರದೆಯ ಸಂದಿಯಿಂದ ನೋಡಿದೆ. ಅರುವತ್ತು ಜನ ಇದ್ದರು. ಮೂರನೆಯ ಸಾಲಿನಲ್ಲಿ ಹೆಲೆನ್, ತೊಡೆಯ ಮೇಲೆ ನೋಟ್‌ಬುಕ್ಕು. ಮೊದಲನೆಯ ಸಾಲಿನಲ್ಲಿ ನಮ್ಮ ಪಕ್ಕದ ಮನೆಯ ಪ್ರಭಾಕರ್. ಖಾಲಿ ಕುರ್ಚಿ ತುಂಬಲೆಂದು ನಾನೇ ಕರೆದಿದ್ದೆ. ಪ್ರಭಾಕರನಿಗೆ ನಾಟಕ ಗೊತ್ತಿಲ್ಲ, ಕಚೇರಿ ಗೊತ್ತು. ಆದ್ದರಿಂದ ಜರಿ ಪಂಚೆ ಉಟ್ಟು ಬಂದಿದ್ದ.

ಸುಮನಾಳ ದೃಶ್ಯ ಬಂತು. ಡ್ಯೂಕ್ ಹೊಗಳುಭಟ್ಟರ ಮಾತು ಕೇಳಿ ರಾಜ್ಯ ಹಾಳುಮಾಡಿದ್ದಾನೆ, ಹೆಂಡತಿಯನ್ನೂ ಮರೆತಿದ್ದಾನೆ. ತುಂಬಿದ ಸಭೆಯಲ್ಲಿ ಡಚೆಸ್ ಅವನ ಮುಂದೆ ಲ್ಯೂಟ್ ಇಡುತ್ತಾಳೆ. ಪ್ರಭು, ಈ ನಾದ ಕೇಳಿ, ಇದೇ ನಿಮ್ಮ ರಾಜ್ಯ, ಇದೇ ನಮ್ಮ ದಾಂಪತ್ಯ ಎಂದು ಮೀಟುತ್ತಾಳೆ. ಕರ್ಕಶವಾದ ಸದ್ದು ಹೊರಡುತ್ತದೆ. ಡ್ಯೂಕ್ ಕಿವಿ ಮುಚ್ಚಿಕೊಂಡು, ಸಾಕು, ಸಾಕು ಎಂದು ಗೋಳಾಡುತ್ತಾನೆ. ಇಡೀ ನಾಟಕ ನಿಂತಿರುವುದು ಆ ಒಂದು ಸದ್ದಿನ ಮೇಲೆ.

ಇದು ನನಗೆ ಗೊತ್ತಾದದ್ದು ಆಗ. ಅವಳು ಲ್ಯೂಟ್ ಎತ್ತಿಕೊಂಡು, ಇದೇ ನಮ್ಮ ದಾಂಪತ್ಯ ಎಂದ ಮೇಲೆ.

ಮೀಟಿದಳು. ಆಹಾ! ದೇವಲೋಕದಿಂದ ಇಳಿದ ಹಾಗಿತ್ತು ನಾದ. ವಾಲ್ಟರ್ ಅಭ್ಯಾಸ ಬಲದಿಂದ ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡು, ಈ ಘೋರ ಸದ್ದನ್ನು ಹೇಗೆ ಸಹಿಸಲಿ ಎಂದು ಗೋಳಾಡಿದ. ಯಾರೋ ಕಿಸಕ್ಕೆಂದರು. ಸುಮನಾ ಒಂದು ಕ್ಷಣ ಲ್ಯೂಟನ್ನೇ ನೋಡಿದಳು. ಇನ್ನೂ ಜೋರಾಗಿ ಮೀಟಿದಳು. ಇನ್ನೂ ಇಂಪಾಗಿ ಕೇಳಿಸಿತು. ಮೊದಲನೆಯ ಸಾಲಿನಿಂದ ಪ್ರಭಾಕರ್, "ಭಲೇ!" ಎಂದು ತೊಡೆ ತಟ್ಟಿ ಆದಿತಾಳ ಶುರುಮಾಡಿದ. ಸಭೆಯೆಲ್ಲ ನಗತೊಡಗಿತು. ಹೆಲೆನ್ ನೋಟ್‌ಬುಕ್ಕು ಮುಚ್ಚಿದಳು.

ಏಳು ವರ್ಷದ ನಂತರ ತೆರೆದ ಒಂದು ಬಾಗಿಲನ್ನು ನಾನು ಬಿರಡೆ ತಿರುಗಿಸಿ ಮುಚ್ಚಿದ್ದೆ. ಗಾಬರಿಯಲ್ಲಿ ಪ್ಯಾಂಟಿನ ಜೇಬಿಗೆ ಕೈಹಾಕಿ ಫೋನನ್ನು ಗಟ್ಟಿಯಾಗಿ ಹಿಡಿದುಕೊಂಡೆ. ತಂಬೂರಿ ಆ್ಯಪ್ ಮುಚ್ಚಿರಲಿಲ್ಲ. ಪರದೆಯ ಹಿಂದಿನಿಂದ ತಂಬೂರಿ ಗಂಭೀರವಾಗಿ ಮೊಳಗತೊಡಗಿತು. ಪ್ರಭಾಕರ್ ಇನ್ನೂ ಹುರುಪಿನಿಂದ ತಟ್ಟಿದ.

ಸುಮನಾ ಸದ್ದು ಬಂದ ಕಡೆ ತಿರುಗಿದಳು. ಪರದೆಯ ಸಂದಿಯಲ್ಲಿ ಸುಣ್ಣ ಮೆತ್ತಿದ ನನ್ನ ಇನ್ನೊಂದು ಕೈ ಕಂಡಳು. ಮುಂದಿನದೆಲ್ಲ ನನಗೆ ತುಂಡುತುಂಡಾಗಿ ನೆನಪಿದೆ. ಅವಳು ರೇಷ್ಮೆಯ ಉದ್ದ ಗೌನಿನಲ್ಲಿ ಸರಸರ ನಡೆದು ಬಂದು, ನನ್ನ ಮಣಿಕಟ್ಟು ಹಿಡಿದು, ರಂಗದ ಮಧ್ಯಕ್ಕೆ ಎಳೆದೊಯ್ದಳು. ನಾನು ಫ್ಲೀಸ್ ಜಾಕೆಟ್ಟಿನಲ್ಲಿದ್ದೆ, ಕೊರಳಲ್ಲಿ ಆಫೀಸಿನ ಬ್ಯಾಡ್ಜು ನೇತಾಡುತ್ತಿತ್ತು. ನಾಲ್ಕು ನೂರು ವರ್ಷ ಹಳೆಯ ಇಂಗ್ಲಿಷಿನಲ್ಲಿ ಅವಳು ಸ್ಥಳದಲ್ಲೇ ಕಟ್ಟಿ ಹೇಳಿದ್ದರ ತಾತ್ಪರ್ಯ ಇಷ್ಟು: "ನೋಡಿದಿರಾ ಪ್ರಭು! ಇವನೇ ನಿಮ್ಮ ಹೊಗಳುಭಟ್ಟರಲ್ಲಿ ಎಲ್ಲರಿಗಿಂತ ಮೂರ್ಖ. ನಿಮ್ಮ ಕಿವಿಗೆ ಕಹಿ ಬೀಳಬಾರದೆಂದು ಕದ್ದು ಬಂದು ನನ್ನ ಲ್ಯೂಟಿಗೆ ಶ್ರುತಿ ಮಾಡಿದ್ದಾನೆ. ರಾಜ್ಯ ಉರಿಯುತ್ತಿದ್ದರೂ ನಿಮಗೆ ಇಂಪೇ ಕೇಳಿಸುವುದು ಇಂಥವರಿಂದ. ಎಲೈ ಮೂಢನೇ, ಈಗ ನೀನೇ ಹಾಡು. ನಮ್ಮ ರಾಜ್ಯದ ನಿಜವಾದ ನಾದ ಸಭೆಗೆ ಕೇಳಿಸಲಿ!"

ಅರುವತ್ತು ಜನ ನನ್ನ ಬಾಯನ್ನೇ ನೋಡುತ್ತಿದ್ದರು.

ಒಪ್ಪಿಕೊಳ್ಳುತ್ತೇನೆ, ಆ ಕ್ಷಣದಲ್ಲೂ ನನ್ನೊಳಗಿನ ಮೂರ್ಖ ಸಾಯಲಿಲ್ಲ. ಇದೇ ಸಮಯ, ಸುಮನಾಳ ಮಾನ ಉಳಿಸಬೇಕು, ಒಂದು ಶುದ್ಧವಾದ ಷಡ್ಜ ಹಿಡಿದು ಸಭೆಯನ್ನು ಗೆದ್ದುಬಿಡೋಣ ಎಂದುಕೊಂಡೆ. ಕಣ್ಣು ಮುಚ್ಚಿದೆ. ಜೇಬಿನಲ್ಲಿ ತಂಬೂರಿ ದಾರಿ ತೋರಿಸುತ್ತಿತ್ತು. ಉಸಿರು ತುಂಬಿಕೊಂಡು "ಸಾ..." ಎಂದೆ.

ಆ ಸ್ವರ ಷಡ್ಜಕ್ಕೂ ಋಷಭಕ್ಕೂ ಮಧ್ಯೆ ಎಲ್ಲೋ ಹುಟ್ಟಿ, ಹತ್ತಲೂ ಆಗದೆ ಇಳಿಯಲೂ ಆಗದೆ ಅಲ್ಲೇ ನಿಂತು ನಡುಗಿತು. ಮೂವತ್ತು ವರ್ಷದ ನಂತರ ನಾನು ನನ್ನ ದನಿಯನ್ನು ಮೊದಲ ಬಾರಿ ಕೇಳುತ್ತಿದ್ದೆ. ಪ್ರಭಾಕರನ ಕೈ ತೊಡೆಗೆ ಬೀಳದೆ ಗಾಳಿಯಲ್ಲೇ ನಿಂತಿತು. ವಾಲ್ಟರ್ ಎರಡೂ ಕಿವಿ ಮುಚ್ಚಿಕೊಂಡ. ಈ ಸಲ ಅವನು ನಟಿಸಬೇಕಾಗಿರಲಿಲ್ಲ. ಸಾಕು, ಸಾಕು ಎಂದು ಅವನು ಮಂಡಿಯೂರಿ ಡಚೆಸ್‌ಳ ಕ್ಷಮೆ ಕೇಳಿದಾಗ ಇಡೀ ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ನಮ್ಮ ವೀಣೆ ಮೇಷ್ಟ್ರು ಕಾಫಿ ಕೊಟ್ಟು ಅಪ್ಪನಿಗೆ ಹೇಳಿದ್ದೇನು ಎಂಬುದು ನನಗೆ ಅರ್ಥವಾದದ್ದೂ ಅದೇ ಹೊತ್ತಿಗೆ.

ವಾಪಸ್ಸು ಬರುವಾಗ ನಾನು ಇಯರ್‌ಫೋನ್ ಮುಟ್ಟಲಿಲ್ಲ. ಹೆದ್ದಾರಿಯ ಎರಡು ಎಕ್ಸಿಟ್ ದಾಟಿದ ಮೇಲೆ ಸುಮನಾ ಮೆಲ್ಲಗೆ ಹೇಳಿದಳು. "ಆರು ವಾರ ರೀ. ಇದೇ ಸೀಟಲ್ಲಿ ಕೂತು ದಿನಾ ಅದನ್ನೇ ಹೇಳಿದೀನಿ. ಆ ಕಾಲದೋರಿಗೆ ಸಂಗೀತ ಬರೀ ಅಲಂಕಾರ ಅಲ್ಲ, ಅದೇ ವಾದ. ತಂತಿ ಕೆಟ್ಟಿದ್ರೆ ಮನೆ ಕೆಟ್ಟಿದೆ ಅಂತ. ವಾಲ್ಟರ್ ಎರಡು ದಿನ ಕೂತು ಆ ತಂತಿಗಳನ್ನ ಬೇಕು ಅಂತ ಕೆಡಿಸಿ, ಬಿರಡೆಗೆ ಗುರುತು ಹಾಕಿದ್ರು. ಅದನ್ನೂ ಹೇಳಿದ್ದೆ. ನೀವು ಹೂಂ ಅಂದ್ರಿ."

"ತಪ್ಪಾಯ್ತು ಸುಮನಾ" ಎಂದೆ.

"ಫ್ರಿಜ್ ಏನು ಹೇಳತ್ತೆ ಅಂತ ಕೇಳಿಸತ್ತೆ ನಿಮಗೆ."

ನನಗೆ ಬಹಳ ನಾಚಿಕೆಯಾಯಿತು. ಇದರಲ್ಲಿ ತಮಾಷೆಯೇನೂ ಇಲ್ಲ, ನಿಜವಾಗಿಯೂ ಆಯಿತು. ಬೆಲ್ವ್ಯೂ ಬರುವ ತನಕ ಅವಳ ಎಂ.ಫಿಲ್. ಬಗ್ಗೆ ಒಂದೊಂದೇ ಪ್ರಶ್ನೆ ಕೇಳಿದೆ, ಪೂರ್ತಿ ಉತ್ತರ ಕೇಳಿಸಿಕೊಂಡೆ. ಆಕಾಶದ ಗ್ರಹಗಳು ಸುತ್ತುವಾಗ ಸಂಗೀತ ಹೊರಡುತ್ತದೆ, ಮನುಷ್ಯರ ಕಿವಿಗೆ ಮಾತ್ರ ಅದು ಕೇಳಿಸುವುದಿಲ್ಲ ಎಂದು ಆ ಕಾಲದವರು ನಂಬಿದ್ದರಂತೆ. ನನ್ನ ಕಿವಿಗೂ ಕೇಳಿಸುವುದಿಲ್ಲ ಎಂದು ಈಗ ಹೇಳಬಲ್ಲೆ.

ಹತ್ತು ದಿನದ ಮೇಲೆ ಹೆಲೆನ್ ಫೋನ್ ಮಾಡಿದಳು. ಹೊಗಳುಭಟ್ಟನೇ ಬಂದು ಲ್ಯೂಟಿಗೆ ಶ್ರುತಿ ಮಾಡುವ ಆ ಭಾಗ ಮೂಲ ನಾಟಕದಲ್ಲಿದೆಯೇ ಎಂದು ಕೇಳಿದಳಂತೆ. ಇಲ್ಲ, ಸಂದರ್ಭಕ್ಕೆ ತಕ್ಕಂತೆ ಸೇರಿಸಿದ್ದು ಎಂದು ಸುಮನಾ ಸತ್ಯವನ್ನೇ ಹೇಳಿದಳು. ತರಗತಿ ಅವಳಿಗೇ ಸಿಕ್ಕಿತು. ಪ್ರಬಂಧ ಪಾಸ್‌ಪೋರ್ಟುಗಳ ಕೆಳಗಿನಿಂದ ಎದ್ದು ಊಟದ ಮೇಜಿನ ಮೇಲೆ ಬಂದು ಕೂತಿತು. ಅವಳು ಪೆನ್ಸಿಲ್ ಹಿಡಿದು ಅದನ್ನು ಓದುವುದನ್ನು ನೋಡುವಾಗ ನನಗೆ ಆದ ಸಂತೋಷವನ್ನು ಹಾಡಿ ತೋರಿಸಬಹುದು, ಆದರೆ ಬೇಡ.

ಮೊದಲ ತರಗತಿಗೆ ನಾಲ್ಕು ದಿನ ಇದ್ದಾಗ ಅವಳೇ ಕೇಳಿದಳು. ನೀವೂ ಬರಬೇಕು, ಹತ್ತು ನಿಮಿಷ ಸಾಕು, ಮೊದಲು ಶ್ರುತಿ ಕೂಡಿದ ವಾದ್ಯ ಮೀಟುತ್ತೇನೆ, ಆಮೇಲೆ ನೀವು ಎದ್ದು ನಿಂತು ಒಂದು ಸಲ ಸಾ ಎನ್ನಿ, ಅಪಶ್ರುತಿ ಅಂದರೇನು ಎಂದು ವಿದ್ಯಾರ್ಥಿಗಳಿಗೆ ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಲಾರರು ಎಂದಳು. ಅಮೆರಿಕದ ಕಾಲೇಜಿನಲ್ಲಿ ಗಾಯನಕ್ಕೆ ಬಂದ ಆಹ್ವಾನ! ಕೂಡಲೇ ಒಪ್ಪಿದೆ.

"ಒಂದೇ ಒಂದು ವಿಷಯ" ಎಂದಳು ಸುಮನಾ. "ದಯವಿಟ್ಟು ಅಭ್ಯಾಸ ಮಾತ್ರ ಮಾಡ್ಬೇಡಿ. ಇರೋ ಹಾಗೇ ಬನ್ನಿ."

ನಾನು ತಲೆ ತಗ್ಗಿಸಿದೆ. ಎರಡು ವಾರದಿಂದ ಬಾತ್‌ರೂಮಿನ ಬಾಗಿಲು ಹಾಕಿಕೊಂಡು, ನಲ್ಲಿ ಬಿಟ್ಟು, ಕದ್ದು ಅಭ್ಯಾಸ ಮಾಡುತ್ತಿದ್ದೇನೆ ಎಂದು ಒಪ್ಪಿಕೊಂಡೆ.

"ಗೊತ್ತು, ಕೇಳಿಸ್ಕೋತಾ ಇದೀನಿ" ಎಂದಳು. "ಪರವಾಗಿಲ್ಲ. ಏನೂ ಬದಲಾಗಿಲ್ಲ."