ಹಾಲೆಂಡಿನಿಂದ ಬಂದ ಸಂಬಂಧ

ಚರ್ಚಿಗೆ 'ಸುಧಾರಿತ ಸಭೆ' ಅಂತ ಬೋರ್ಡು ಹಾಕಿಕೊಂಡವರು ಫಜೀತಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ವಿಳಾಸ ಕೇಳಿಕೊಂಡು ಬರುತ್ತೆ. ಕ್ರೈಸ್ತರಲ್ಲಿ ನಮ್ಮದು ರಿಫಾರ್ಮ್ಡ್ ಅನ್ನೋ ಪಂಗಡ. ಅದನ್ನೇ ಕನ್ನಡ ಮಾಡಿ ತುಮಕೂರಿನ ಮರಳೂರು ಬಡಾವಣೆಯಲ್ಲಿರೋ ನಮ್ಮ ಪುಟ್ಟ ಚರ್ಚಿನ ಮೇಲೆ ಬರೆಸಿದ್ವಿ. ಬಣ್ಣ ಒಣಗೋಕೆ ಮುಂಚೆ ಒಬ್ಬ ರೈತ ಖಾಲಿ ಚೀಲ ಹಿಡ್ಕೊಂಡು ಒಳಗೆ ಬಂದ. "ಸುಧಾರಿತ ರಾಗಿ ಬಿತ್ತನೆ ಬೀಜ ಇಲ್ಲೇನಾ ಸ್ವಾಮಿ ಕೊಡೋದು?" ನಮ್ಮ ಪಾದ್ರಿಗಳು ಅವನನ್ನು ಕೂರಿಸಿ, ನೀರು ಕೊಟ್ಟು, "ಬಿತ್ತೋದು ನಮ್ಮ ಕೆಲಸಾನೇ ಕಣಪ್ಪ, ಆದ್ರೆ ರಾಗಿ ಅಲ್ಲ" ಅಂದ್ರು.

ನಾನು ನಿವೃತ್ತ ಇಂಗ್ಲಿಷ್ ಮೇಷ್ಟ್ರು. ತುಮಕೂರು, ಗುಬ್ಬಿ, ಕುಣಿಗಲ್, ಈ ಮೂರು ಊರಿನ ಸಭೆ ಸೇರಿ ನಮ್ಮದೊಂದು ಒಕ್ಕೂಟ. ಮೂರಕ್ಕೂ ಒಬ್ಬರೇ ಪಾದ್ರಿ. ಇಂಗ್ಲಿಷ್ ಬರುತ್ತೆ ಅನ್ನೋ ಒಂದೇ ತಪ್ಪಿಗೆ ನನ್ನನ್ನು ಕಾರ್ಯದರ್ಶಿ ಮಾಡಿದ್ರು. ಹೀಗಿರುವಾಗ ಹಾಲೆಂಡಿನಿಂದ ಒಂದು ಕಾಗದ ಬಂತು. ಅಲ್ಲಿಯ ರಿಫಾರ್ಮ್ಡ್ ಸಭೆಗಳ ದೊಡ್ಡ ಒಕ್ಕೂಟದವರು ನಮ್ಮನ್ನು ತಮ್ಮ 'ಸೋದರಿ ಸಭೆ' ಅಂತ ಒಪ್ಪಿಕೊಳ್ಳೋ ಯೋಚನೆಯಲ್ಲಿದ್ರು. ಅದಕ್ಕೆ ಮುಂಚೆ ಇಬ್ಬರನ್ನು ಕಳಿಸಿ, ನಾವು ಎಂಥ ಜನ ಅಂತ ನೋಡಿಸ್ತೀವಿ ಅಂತ ಬರೆದಿದ್ರು.

ನಾವು ಮೂರೂ ಊರು ಸೇರಿದ್ರೆ ಎರಡು ಬಸ್ಸು ತುಂಬದ ಜನ. ಸಮುದ್ರದಾಚೆ ನಮ್ಮ ಹಾಗೇ ನಂಬೋರು ಇದಾರೆ, ಭಾನುವಾರ ನಮ್ಮ ಹೆಸರು ಹೇಳಿ ಪ್ರಾರ್ಥನೆ ಮಾಡ್ತಾರೆ ಅಂದ್ರೆ ನಮಗದು ಸಣ್ಣ ಬಲ ಅಲ್ಲ. ಹೇಗಾದರೂ ಅವರ ಬಾಯಲ್ಲಿ 'ಹೂಂ' ಅನ್ನಿಸಲೇಬೇಕು ಅಂತ ಪಣ ತೊಟ್ವಿ.

ವರನ ವಯಸ್ಸು

ಆರಾಧನೆ ಮುಗಿದ ಮೇಲೆ ನಾನು ಪ್ರಕಟಣೆ ಓದಿದೆ: "ಹಾಲೆಂಡಿನವರು ನಮ್ಮ ಜೊತೆ ಸಂಬಂಧ ಬೆಳೆಸೋಕೆ ಇಷ್ಟಪಟ್ಟಿದ್ದಾರೆ. ಮುಂದಿನ ತಿಂಗಳು ನೋಡೋಕೆ ಬರ್ತಾರೆ."

ಚರ್ಚಿನ ಕಿಟಕಿ ತೆರೆದಿತ್ತು. ಕಿಟಕಿಯಾಚೆ ಪಕ್ಕದ ಮನೆ ಅಜ್ಜಿ ಪೂಜೆಗೆ ಹೂವು ಕೀಳ್ತಿದ್ರು. ಸಂಜೆ ಒಂದು ಮೊಳ ಮಲ್ಲಿಗೆ ಹಿಡ್ಕೊಂಡು ನಮ್ಮನೆಗೆ ಬಂದರು.

"ಸುದ್ದಿ ಕೇಳಿ ಸಂತೋಷ ಆಯ್ತು ಮೇಷ್ಟ್ರೇ. ದೂರ ಆಯ್ತು ನಿಜ. ಮನೆತನ ಹೆಂಗೆ?"

"ಬಹಳ ಹಳೇ ಮನೆತನ ಅಜ್ಜಿ. ಶಿಸ್ತಿನ ಜನ," ಅಂದೆ. ಒಕ್ಕೂಟದ ಬಗ್ಗೆ ಅಜ್ಜಿಗೆ ಇಷ್ಟು ಆಸಕ್ತಿ ಇದೆಯಲ್ಲ ಅಂತ ನನಗೆ ಹೆಮ್ಮೆ.

"ಕುಡಿತ ಗಿಡಿತ?"

"ಛೆ, ಇಲ್ಲ. ಪವಿತ್ರ ಭೋಜನದಲ್ಲಿ ಒಂದು ಗುಟುಕು ದ್ರಾಕ್ಷಾರಸ, ಅಷ್ಟೇ."

"ಒಂದು ಗುಟುಕು ತಾನೇ, ಹೋಗ್ಲಿ ಬಿಡಿ. ವಯಸ್ಸೆಷ್ಟು?"

"ನಾನೂರು ವರ್ಷ ದಾಟಿರಬೇಕು."

ಅಜ್ಜಿ ಒಮ್ಮೆ ನನ್ನ ಮುಖ ನೋಡಿದರು. ಒಳಗೆ ಬಟ್ಟೆ ಇಸ್ತ್ರಿ ಮಾಡ್ತಿದ್ದ ನನ್ನ ಮಗಳ ಕಡೆ ಒಮ್ಮೆ ನೋಡಿದರು. ಆಮೇಲೆ ನನ್ನ ಕೈ ಹಿಡ್ಕೊಂಡು ಮೆತ್ತಗೆ ಹೇಳಿದರು:

"ಹುಡುಗಿಗೆ ಇಪ್ಪತ್ತೇಳಾಯ್ತು ಅಂತ ಹಿಂಗೆ ಯಾರಿಗೋ ಕೊಟ್ಬಿಡ್ಬೇಡಿ ಮೇಷ್ಟ್ರೇ. ನಾನೇ ಒಂದ್ ಕಡೆ ನೋಡ್ತೀನಿ."

ಫುಟ್‌ಬೋರ್ಡು

ಬಂದವರು ಇಬ್ಬರು. ಒಬ್ಬರು ಪಾದ್ರಿ. ಎಷ್ಟು ಎತ್ತರ ಅಂದ್ರೆ ನಮ್ಮನೆ ಬಾಗಿಲ ಚೌಕಟ್ಟಿಗೆ ಹಣೆ ಹೊಡೆಸಿಕೊಂಡೇ ನಮಸ್ಕಾರ ಹೇಳಿದರು. ಇನ್ನೊಬ್ಬರು ಅವರ ಸಭೆಯ ಹಿರಿಯರು, ಕಸುಬಿನಲ್ಲಿ ಹೈನುಗಾರರು. ದಪ್ಪ ಕೈ, ಮಾತು ಕಮ್ಮಿ. ಇಂಗ್ಲಿಷೂ ಅಷ್ಟಕ್ಕಷ್ಟೇ.

ಮೊದಲ ದಿನ ತುಮಕೂರಿನಲ್ಲಿ ಮೂರೂ ಊರಿನ ಹಿರಿಯರನ್ನು ಕೂರಿಸಿಕೊಂಡು ಪ್ರಶ್ನೆ ಶುರು ಮಾಡಿದರು. ನಡುವೆ ನಾನು ದುಭಾಷಿ. ರಿಫಾರ್ಮ್ಡ್ ಸಭೆಯಲ್ಲಿ ಶಿಸ್ತು ಅಂದ್ರೆ ದೊಡ್ಡ ವಿಷಯ. ದಾರಿ ತಪ್ಪಿದವರನ್ನು ಹಿರಿಯರು ಕೂಡಲೇ ತಿದ್ದಬೇಕು. ಎತ್ತರದ ಪಾದ್ರಿ ನಮ್ಮ ಕುಣಿಗಲ್ ಹಿರಿಯರ ಕಡೆ ತಿರುಗಿ, "ನೀವು ಕೊನೇ ಸಲ ಯಾರನ್ನಾದರೂ ಶಿಸ್ತಿಗೆ ಒಳಪಡಿಸಿದ್ದು ಯಾವಾಗ?" ಅಂತ ಕೇಳಿದರು.

ಕುಣಿಗಲ್ ಹಿರಿಯರು ಬಸ್ ಕಂಡಕ್ಟರಾಗಿ ನಿವೃತ್ತರಾದವರು. ತಡಮಾಡದೆ ಉತ್ತರ ಕೊಟ್ಟರು: "ಹೋದ್ ಭಾನ್ವಾರಾನೇ. ಪಾದ್ರಿಗಳು ಪ್ರಸಂಗ ಮಾಡ್ತಿದ್ದಾಗ ಒಬ್ಬ ಬಾಗ್ಲಲ್ಲೇ ನಿಂತಿದ್ದ. 'ಫುಟ್‌ಬೋರ್ಡಲ್ಲಿ ನಿಂತ್ಕೋಬೇಡ್ರೀ, ಒಳಗ್ ಬನ್ನಿ, ಒಳಗೆ ಜಾಗ ಖಾಲಿ ಐತೆ' ಅಂದೆ."

ನಾನು ಒಂದು ಕ್ಷಣ ಯೋಚಿಸಿ ಇಂಗ್ಲಿಷಿನಲ್ಲಿ ಹೇಳಿದೆ: "ಹೊಸ್ತಿಲಲ್ಲೇ ನಿಂತು ಬಿಡೋರಿಗೆ ಇವರು ಪೂರ್ತಿ ಒಳಗೆ ಬನ್ನಿ, ನಿಮಗೂ ಸ್ಥಳವಿದೆ ಅಂತ ಎಚ್ಚರಿಸುತ್ತಾರೆ."

ಎತ್ತರದ ಪಾದ್ರಿ ಪೆನ್ನು ಕೆಳಗಿಟ್ಟರು. "ಎಷ್ಟು ಆಳವಾದ ಮಾತು!" ಅಂದರು. ನಾನು ಅದನ್ನು ಕನ್ನಡಕ್ಕೆ ತಿರುಗಿಸಿದೆ.

ಕುಣಿಗಲ್ ಹಿರಿಯರ ಕಣ್ಣು ತುಂಬಿ ಬಂತು. "ಮೂವತ್ತು ವರ್ಷ ಅದನ್ನೇ ಕೂಗಿದೀನಿ ಮೇಷ್ಟ್ರೇ. ಒಬ್ಬ ಪ್ಯಾಸೆಂಜರೂ ಹಿಂಗಂದಿರ್ಲಿಲ್ಲ."

ಗುಬ್ಬಿ ಹೋಟೆಲಿನಲ್ಲಿ ಎಲೆಕ್ಷನ್

ಮಾರನೇ ದಿನ ಗುಬ್ಬಿ. ಅಲ್ಲಿ ಎತ್ತರದ ಪಾದ್ರಿಗಳದ್ದೇ ಪ್ರಸಂಗ, ನನ್ನದು ತರ್ಜುಮೆ. ವಿಷಯ, ದೇವರು ತನ್ನ ಜನರನ್ನು ಮೊದಲೇ ಆರಿಸಿಕೊಂಡಿದ್ದಾನೆ ಅನ್ನೋದು. ನಮ್ಮ ಪಂಗಡದ ಮುಖ್ಯ ಬೋಧನೆ ಅದು, ಇಂಗ್ಲಿಷಿನಲ್ಲಿ ಅದಕ್ಕೆ 'ಎಲೆಕ್ಷನ್' ಅಂತಾರೆ. ಎಲ್ಲಿಯಾದರೂ ಎಡವಿದರೆ ಕಷ್ಟ ಅಂತ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ ತಿಂತಾ ಇಬ್ಬರೂ ಪ್ರಸಂಗವನ್ನು ಒಂದು ಸಲ ಓದಿಕೊಂಡ್ವಿ. ಅವರು ಎಲೆಕ್ಷನ್ ಅಂತಾರೆ, ನಾನು ಎಲೆಕ್ಷನ್ ಅಂತೀನಿ.

ಎದುರು ಟೇಬಲ್ಲಿನಲ್ಲಿ ಬಿಳೀ ಷರ್ಟು, ಬಿಳೀ ಪಂಚೆಯ ಒಬ್ಬರು ಕೂತಿದ್ರು. ಊರಿನ ಪುಢಾರಿ. ಅವರ ಇಡ್ಲಿ ತಟ್ಟೆಯಲ್ಲೇ ಉಳೀತು, ಕಿವಿ ಮಾತ್ರ ನಮ್ಮ ಟೇಬಲ್ಲಿಗೆ ಬಂತು. ಕೊನೆಗೆ ಕುರ್ಚಿ ಸಮೇತ ಅವರೇ ಬಂದರು.

"ಸಾರ್, ಇವ್ರು ಫಾರಿನ್ನಿಂದ ಎಲೆಕ್ಷನ್ ಸರ್ವೆಗೆ ಬಂದಿದಾರಾ? ಈ ಸಲ ಯಾರಂತೆ?"

ಅದಲ್ಲ ಸ್ವಾಮಿ ಅಂತ ನಾನು ಬಿಡಿಸಿ ಹೇಳೋ ಮುಂಚೆಯೇ ಎತ್ತರದ ಪಾದ್ರಿ 'ಎಲೆಕ್ಷನ್' ಅನ್ನೋ ಮಾತು ಹಿಡಿದು ಉತ್ಸಾಹದಿಂದ ಕೇಳಿದರು: "ಇವರಿಗೂ ಆ ಬೋಧನೆಯಲ್ಲಿ ಆಸಕ್ತಿಯೇ? ಇದೆಲ್ಲ ಲೋಕ ಹುಟ್ಟೋಕೆ ಮುಂಚೆಯೇ ತೀರ್ಮಾನ ಆಗಿದೆ ಅಂತ ಹೇಳಿ. ಮನುಷ್ಯರ ಪ್ರಯತ್ನದಿಂದ ಒಂದು ಹೆಸರೂ ಬದಲಾಗಲ್ಲ ಅಂತ ಹೇಳಿ."

ಹೇಳಿದೆ.

ಪುಢಾರಿ ನಿಟ್ಟುಸಿರು ಬಿಟ್ಟರು. "ಸತ್ಯ ಸಾರ್. ನಮ್ ತಾಲ್ಲೂಕಲ್ಲೂ ಅದೇ. ಎಲ್ಲಾ ಮೇಲ್ಗಡೆನೇ ತೀರ್ಮಾನ ಆಗಿರ್ತದೆ. ನಾವಿಲ್ಲಿ ಸುಮ್ನೆ ಬ್ಯಾನರ್ ಕಟ್ಕೊಂಡು ಓಡಾಡ್ತೀವಿ."

"ಏನಂದರು?" ಅಂತ ಪಾದ್ರಿ ಕೇಳಿದರು.

"ಪೂರ್ತಿ ಒಪ್ಪಿದಾರೆ," ಅಂದೆ.

ಅವರು ಆವತ್ತೇ ಡೈರಿಯಲ್ಲಿ ಬರೆದುಕೊಂಡರು: 'ಗುಬ್ಬಿಯಲ್ಲಿ ಸಭೆಯವರು ಮಾತ್ರವಲ್ಲ, ಹೋಟೆಲಿಗೆ ಬರುವವರೂ ಬೋಧನೆಯಲ್ಲಿ ದೃಢವಾಗಿದ್ದಾರೆ.'

ಹೆಬ್ಬೂರಿನ ಹಸು

ಭಾನುವಾರ ಬೆಳಿಗ್ಗೆ ಕುಣಿಗಲ್ಲಿಗೆ ಹೊರಟ್ವಿ. ಹೆಬ್ಬೂರಲ್ಲಿ ಕಾಫಿಗೆ ಕಾರು ನಿಲ್ಲಿಸಿ, ಲೋಟ ಕೈಗೆ ತಗೊಂಡು ತಿರುಗಿ ನೋಡಿದ್ರೆ ಹೈನುಗಾರ ಹಿರಿಯರಿಲ್ಲ. ಆಚೆ ಈಚೆ ಹುಡುಕಿದ್ರೆ ಹಿಂದಿನ ಬೀದಿಯ ಒಂದು ಕೊಟ್ಟಿಗೆಯಲ್ಲಿ ಸಿಕ್ಕಿದರು. ಕರಿಬಿಳಿ ಮಚ್ಚೆಯ ಹಸು ಒಂದು ಕಾಲು ಝಾಡಿಸ್ತಾ ನಿಂತಿತ್ತು. ಮನೆಯ ಯಜಮಾನತಿ ಸೊಂಟದ ಮೇಲೆ ಕೈ ಇಟ್ಕೊಂಡು ಇವರನ್ನು ಗದರಿಸ್ತಿದ್ದಳು.

"ಏನ್ಲಾ ಅದು, ಕೇಳ್ದೆ ಗೀಳ್ದೆ ಒಳಕ್ಕೆ ನುಗ್ತೀಯಾ? ಮೂರ್ ದಿನದಿಂದ ಯಾರ್ನೂ ಹತ್ರ ಸೇರಿಸ್ತಿಲ್ಲ ಅದು. ಒದೀತದೆ, ಬುಡು!"

ಹಿರಿಯರಿಗೆ ಕನ್ನಡ ಬರಲ್ಲ. ಹಸುವಿನ ಕತ್ತು ಸವರಿ, ಕಿವಿಯ ಹತ್ರ ಡಚ್ಚಿನಲ್ಲಿ ಏನೋ ಹೇಳಿದರು. ಹಸುವಿಗೂ ಡಚ್ ಬರಲ್ಲ. ಆದರೂ ಕಾಲು ನೆಲಕ್ಕಿಟ್ಟಿತು. ಊದಿಕೊಂಡ ಕೆಚ್ಚಲಿಗೆ ಬಿಸಿನೀರಿನ ಬಟ್ಟೆ ಒತ್ತಿ, ನಿಧಾನಕ್ಕೆ ಕರೆದು, ಬಾವಿದ್ದ ಮೊಲೆಯ ಹಾಲು ಬೇರೆ ಚೆಲ್ಲಿ, ಡಾಕ್ಟರಿಗೆ ಇವತ್ತೇ ತೋರಿಸಬೇಕು ಅಂತ ನನ್ನ ಬಾಯಲ್ಲಿ ಹೇಳಿಸಿದರು. ಬಂದ ಮೂರು ದಿನದಲ್ಲಿ ಅವರು ಅಷ್ಟು ಮಾತಾಡಿದ್ದನ್ನ ನಾನು ಕೇಳಿದ್ದು ಅದೇ ಮೊದಲು.

ಯಜಮಾನತಿಯ ದನಿ ಬದಲಾಯ್ತು. "ಯಾವೂರಿಂದಪ್ಪ ಈವಯ್ಯ?"

"ಹಾಲೆಂಡಿನವರಮ್ಮ."

ಆಕೆ ಅದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ನೋಡಿದಳು. "ಹಾಲೆಂಡು... ಹಾಲೆಂಡು... ಹೆಸ್ರಲ್ಲೇ ಹಾಲೈತಲ್ಲ, ಮೊದ್ಲೇ ಹೇಳೋಕೇನ್ ರೋಗ ನಿನಗೆ? ಸುಮ್ನೆ ಬೈದ್‌ಬುಟ್ನಲ್ಲ!"

ತಣ್ಣನೆಯ ರೊಟ್ಟಿ

ಕುಣಿಗಲ್ ಆರಾಧನೆಯಲ್ಲಿ ನಮ್ಮ ಪಾದ್ರಿಗಳ ಪ್ರಸಂಗ. ನಾನು ಎತ್ತರದ ಪಾದ್ರಿ ಪಕ್ಕ ಕೂತು ಕಿವಿಯಲ್ಲಿ ಇಂಗ್ಲಿಷ್ ಉಸುರ್ತಿದ್ದೆ. ಹೈನುಗಾರ ಹಿರಿಯರು ಮುಂದಿನ ಬೆಂಚಿನ ತುದಿಯಲ್ಲಿದ್ದರು.

ಹಾಲೆಂಡಿನ ಸಭೆಗಳಲ್ಲಿ ಒಂದು ರೂಢಿ ಇದೆಯಂತೆ. ಪ್ರಸಂಗ ಶುರುವಾದ ಕೂಡಲೇ ಜೇಬಿನಿಂದ ಪೆಪ್ಪರ್‌ಮೆಂಟು ತೆಗೆದು ತಾವೊಂದು ಬಾಯಿಗೆ ಹಾಕ್ಕೊಂಡು ಪಕ್ಕದವರಿಗೊಂದು ಕೊಡೋದು. ಉದ್ದ ಪ್ರಸಂಗಕ್ಕೆ ನಿದ್ದೆ ಬರದಿರಲಿ ಅಂತ. ಇದು ನಮಗೆ ಆಮೇಲೆ ತಿಳಿದದ್ದು.

ಹಿರಿಯರು ಪಕ್ಕದವನಿಗೆ ಬೆಳ್ಳಗೆ ದುಂಡಗಿದ್ದ ಒಂದು ಬಿಲ್ಲೆ ಕೊಟ್ಟರು. ಅವನು ಗಾಬರಿಯಾಗಿ ಎದ್ದು ನಿಂತು, ಎರಡೂ ಕೈಯೊಡ್ಡಿ ತಗೊಂಡು, ಕಣ್ಣು ಮುಚ್ಚಿ, ಪ್ರಾರ್ಥನೆ ಮಾಡಿ ಬಾಯಿಗೆ ಹಾಕ್ಕೊಂಡ. ಅವನ ಹಿಂದಿನವನೂ ಎದ್ದ. ಆಮೇಲೆ ಹೆಂಗಸರ ಸಾಲೂ ಸೆರಗು ಹೊದ್ದು ಎದ್ದಿತು. ಎರಡೇ ನಿಮಿಷದಲ್ಲಿ ಹಿರಿಯರ ಮುಂದೆ ಪವಿತ್ರ ಭೋಜನದ ಸಾಲು ನಿಂತಿತ್ತು. ಅವರೋ ದಾಕ್ಷಿಣ್ಯದ ಮನುಷ್ಯ. ಬೆವರ್ತಾ ಒಬ್ಬೊಬ್ಬರಿಗೂ ಕೊಡ್ತಾನೇ ಇದಾರೆ.

ಎತ್ತರದ ಪಾದ್ರಿ ಮುಖ ಕೆಂಪಾಯ್ತು. ಪಾದ್ರಿಯಲ್ಲದವರು ಪವಿತ್ರ ಭೋಜನದ ರೊಟ್ಟಿ, ದ್ರಾಕ್ಷಾರಸ ಹಂಚೋದು ನಮ್ಮ ಪಂಗಡದಲ್ಲಿ ಭಾರೀ ತಪ್ಪು. ಸಂಬಂಧ ಇಲ್ಲಿಗೆ ಮುರೀತು ಅಂದ್ಕೊಂಡೆ. ಪುಣ್ಯಕ್ಕೆ ಪೆಪ್ಪರ್‌ಮೆಂಟು ಅವರ ಕಡೆಯದ್ದಾಗಿತ್ತು. ಅವರೇ ಎದ್ದು ಸಭೆಯ ಕ್ಷಮೆ ಕೇಳಿದರು. ನಾನು ಮಿಠಾಯಿ ವಿಚಾರ ಬಿಡಿಸಿ ಹೇಳಿದೆ. ಎಲ್ಲರೂ ನಕ್ಕು ಕೂತರು.

ಕಿವಿ ಮಂದವಾಗಿದ್ದ ಒಬ್ಬ ಅಜ್ಜಿ ಮಾತ್ರ ಅಲ್ಲೇ ನಿಂತಿದ್ದಳು. "ರೊಟ್ಟಿ ಬಾಯೆಲ್ಲಾ ತಣ್ಣಗ್ ಮಾಡ್ತು ಸ್ವಾಮಿ. ದ್ರಾಕ್ಷಾರಸ ಯಾವಾಗ?"

ಮೂರು ಸಲ

ಕೊನೇ ದಿನ ಮರಳೂರಿನಲ್ಲಿ ಮೂರೂ ಸಭೆ ಒಟ್ಟಿಗೆ ಸೇರಿದ್ವಿ. ಒಂದು ಕೀರ್ತನೆಯನ್ನು ಎರಡು ದೇಶದವರೂ ಅವರವರ ಭಾಷೆಯಲ್ಲಿ ಒಟ್ಟಿಗೆ ಹಾಡಬೇಕು ಅಂತ ಎತ್ತರದ ಪಾದ್ರಿಗಳ ಆಸೆ. ಅವರು ಆರಿಸಿದ್ದು ಅಣ್ಣತಮ್ಮಂದಿರ ಒಗ್ಗಟ್ಟಿನ ಮೇಲಿರೋ ಪುಟ್ಟ ಕೀರ್ತನೆ. ಸಂಬಂಧಕ್ಕೆ ತಕ್ಕ ಹಾಡು ಅಂತ ನಾವೂ ಖುಷಿಯಾದ್ವಿ. ಹೆಂಗೆ ಹಾಡ್ತೀರಿ ಅಂತ ಅವರು ಕೇಳಲಿಲ್ಲ, ನಾವೂ ಕೇಳಲಿಲ್ಲ.

ಅವರದ್ದು ನೂರಾರು ವರ್ಷದ ಹಳೇ ರಾಗ. ಒಂದು ಅಕ್ಷರ ಹಿಡಿದ್ರೆ ಉಸಿರು ಮುಗಿಯೋವರೆಗೂ ಬಿಡಲ್ಲ. ನಮ್ಮದು ತಬಲಾ, ತಾಳ, ಚಪ್ಪಾಳೆ. ತಬಲಾದವನು ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಫಿಟ್ಟರು, ಯಾವ ಕೆಲಸವನ್ನೂ ಟೈಮಿಗೆ ಮುಂಚೆ ಮುಗಿಸೋ ಆಸಾಮಿ.

ಒಟ್ಟಿಗೇ ಶುರು ಮಾಡಿದ್ವಿ. ಒಗ್ಗಟ್ಟು ಉಳಿದದ್ದು ಅಷ್ಟು ಹೊತ್ತು ಮಾತ್ರ. ಅವರಿಬ್ಬರು ಕಣ್ಣು ಮುಚ್ಚಿ ಮೊದಲ ಸಾಲು ಮುಗಿಸೋದರೊಳಗೆ ನಾವು ಕೀರ್ತನೆಯನ್ನೇ ಮುಗಿಸಿ ಸುಮ್ಮನಾಗಿದ್ವಿ. ಅವರು ಹಾಡ್ತಾನೇ ಇದಾರೆ. ಅತಿಥಿಗಳನ್ನ ಹಾಗೆ ಒಂಟಿಯಾಗಿ ಬಿಡೋದಾ? ನಾನು ಫಿಟ್ಟರಿಗೆ ಕಣ್ಣು ಮಾಡಿದೆ. ಇನ್ನೊಂದು ಸಲ ಹಾಡಿದ್ವಿ. ಮುಗೀತು. ಅವರು ಇನ್ನೂ ನಡುವಿನಲ್ಲಿದಾರೆ. ಮೂರನೇ ಸಲ ಫಿಟ್ಟರು ತಬಲಾದ ಮೇಲೆ ಕೈಯನ್ನು ಗಾಳಿಯಲ್ಲೇ ತಡೆದು ತಡೆದು ಬಾರಿಸಿದ. ದೇವರ ದಯೆ, ಕೊನೇ ಅಕ್ಷರ ಎರಡೂ ಕಡೆಯವರದ್ದು ಒಟ್ಟಿಗೇ ಬಂತು.

ಎತ್ತರದ ಪಾದ್ರಿ ಕಣ್ಣು ತೆರೆದರು. "ನೀವು ಮೂರು ಸಲ ಹಾಡಿದಿರಿ ಅಲ್ಲವೇ? ಯಾಕೆ?"

ನೀವು ನಿಧಾನ ಅಂತ ಹೇಳೋಕೆ ನನಗೆ ಬಾಯಿ ಬರಲಿಲ್ಲ. ಫಿಟ್ಟರಿಗೆ ಅಷ್ಟು ಇಂಗ್ಲಿಷ್ ಅರ್ಥವಾಗಿತ್ತು. ಮೂರು ಬೆರಳು ಎತ್ತಿ, "ತಂದೆಗೊಂದು, ಮಗನಿಗೊಂದು, ಪವಿತ್ರಾತ್ಮನಿಗೊಂದು, ಅಂತ ಹೇಳಿ ಮೇಷ್ಟ್ರೇ," ಅಂದ. ಹೇಳಿದೆ. ಇಬ್ಬರೂ ಅತಿಥಿಗಳು ಎದ್ದು ನಮ್ಮನ್ನು ಒಬ್ಬೊಬ್ಬರನ್ನಾಗಿ ತಬ್ಬಿಕೊಂಡರು.

ಕೆಲವು ತಿಂಗಳಾದ ಮೇಲೆ ಹಾಲೆಂಡಿನಿಂದ ಕಾಗದ ಬಂತು. ಅವರ ಮಹಾಸಭೆ ನಮ್ಮನ್ನು ಸೋದರಿ ಸಭೆ ಅಂತ ಒಪ್ಪಿತ್ತು. ನಾನು ಓದಿ ಹೇಳ್ತಿದ್ದಂಗೆ ನಮ್ಮ ಪಾದ್ರಿ ಕನ್ನಡಕ ತೆಗೆದು ಒರೆಸಿಕೊಂಡರು, ಹೆಂಗಸರು ಚಪ್ಪಾಳೆ ಹೊಡೆದರು. ಕೆಳಗೆ ಎತ್ತರದ ಪಾದ್ರಿಗಳ ಕೈಬರಹದಲ್ಲಿ ಇನ್ನೆರಡು ಸಾಲಿತ್ತು. ಅದನ್ನೂ ಓದಿದೆ:

'ತುಮಕೂರಿನ ಪದ್ಧತಿಯನ್ನು ನಾವೂ ಗೌರವದಿಂದ ಅಳವಡಿಸಿಕೊಂಡಿದ್ದೇವೆ. ಈಗ ಪ್ರತಿ ಭಾನುವಾರ ಎಲ್ಲಾ ಕೀರ್ತನೆಗಳನ್ನೂ ನಮ್ಮ ರಾಗದಲ್ಲೇ ಮೂರು ಮೂರು ಸಲ ಹಾಡುತ್ತೇವೆ. ಮಧ್ಯಾಹ್ನದ ಊಟ ಸಂಜೆಗೆ ಹೋಗಿದೆ, ನಮಗಾಗಿ ಪ್ರಾರ್ಥಿಸಿ.'