ಅಳಿಯಂದಿರ ಸಮುದ್ರ

ನಾನು ಓದು ನಿಲ್ಲಿಸಿದ್ದು ೧೯೮೬ರಲ್ಲಿ, ಎಂಟನೆಯ ತರಗತಿಯಲ್ಲಿದ್ದಾಗ. ಓದೇ ನನ್ನನ್ನು ಬಿಟ್ಟಿತು ಎಂದು ನಮ್ಮ ಓಣಿಯಲ್ಲಿ ಕೆಲವರು ಆಡಿಕೊಳ್ಳುತ್ತಾರೆ. ಸುಳ್ಳು. ನಾನೇ ಬಿಟ್ಟೆ. ಅವತ್ತು ಮಾಸ್ತರರು ಕರಿಹಲಗೆಯ ಮೇಲೆ ನೀರಿನ ಪಂಪಿನ ಚಿತ್ರ ಬರೆದು, ಬಾಣದ ಗುರುತು ಹಾಕಿ, ನೀರು ಹೀಗೆ ಬಂದು ಹೀಗೆ ಹೋಗುತ್ತದೆ ಎಂದರು. ಅವರು ಬರೆದ ವಾಲ್ವು ತಿರುವುಮುರುವಾಗಿತ್ತು. ಆ ಪಂಪಿನಿಂದ ಪ್ರಳಯದ ತನಕ ಕಾದರೂ ಒಂದು ತಂಬಿಗೆ ನೀರು ಬರುತ್ತಿರಲಿಲ್ಲ. ಎದ್ದು ನಿಂತು ಹೇಳಿದೆ. ಬೆಂಚಿನ ಮೇಲೆ ನಿಲ್ಲಿಸಿದರು. ಬೆಂಚಿನ ಮೇಲೆ ನಿಂತರೆ ಕಿಟಕಿಯಾಚೆ ನಮ್ಮ ಸೋದರಮಾವನ ಮೋಟಾರು ರಿಪೇರಿ ಅಂಗಡಿ ಬಹಳ ಚೆನ್ನಾಗಿ ಕಾಣುತ್ತಿತ್ತು. ಇಳಿದವನು ಪಾಟಿಚೀಲ ತೆಗೆದುಕೊಂಡು ನೇರ ಅಲ್ಲಿಗೇ ಹೋದೆ. ಇವತ್ತಿಗೂ ಅಲ್ಲೇ ಇದ್ದೇನೆ. ಅಂಗಡಿ ಮಾತ್ರ ಈಗ ನನ್ನದು.

ಅಂದಿನಿಂದ ಇಂದಿನವರೆಗೆ ಗಂಗಾವತಿಯ ಸುತ್ತ ನಾನು ಬಿಚ್ಚದ ಮೋಟಾರಿಲ್ಲ, ಇಣುಕದ ಬಾವಿಯಿಲ್ಲ. ಅತ್ತ ಹಿಟ್ನಾಳದಿಂದ ಇತ್ತ ಕಾಲುವೆಯ ಕೊನೆಯ ಹಳ್ಳಿಯವರೆಗೆ ಎಲ್ಲಿ ನೀರು ನಿಂತರೂ ಮೊದಲು ನೆನೆಯುವುದು ದೇವರನ್ನು, ಎರಡನೆಯದು ನನ್ನನ್ನು. ಅದಕ್ಕೇ ಅಂಗಡಿಯ ಮೇಲೆ ಹಳದಿ ಅಕ್ಷರದಲ್ಲಿ ಬೋರ್ಡು ಬರೆಸಿದ್ದೆ: ‘ನೀರಿನ ಯಾವುದೇ ಸಮಸ್ಯೆಗೆ ಒಂದೇ ವಿಳಾಸ.’ ಮೋಟಾರು ಕಟ್ಟಿಕೊಡುವುದರ ಜೊತೆಗೆ ನಾನು ಬುದ್ಧಿಯನ್ನೂ ಹೇಳುತ್ತೇನೆ, ಪುಕ್ಕಟೆಯಾಗಿ. ಕಾಲುವೆಯ ಕೊನೆಯ ಊರುಗಳಲ್ಲಿ ಭತ್ತಕ್ಕೆಂದು ವರ್ಷಗಟ್ಟಲೆ ನೀರು ನಿಲ್ಲಿಸಿ ನಿಲ್ಲಿಸಿ ಹೊಲಗಳೆಲ್ಲ ಸವಳಾಗಿವೆ. ಬೇಸಿಗೆಯಲ್ಲಿ ನೋಡಿದರೆ ಸುಣ್ಣ ಬಳಿದಂತೆ ಬೆಳ್ಳಗೆ ಉಪ್ಪು. ಆ ರೈತರು ಬಂದರೆ ನಾನು ಸುಮ್ಮನೆ ಬಿಡುವವನಲ್ಲ. "ಬಿಸಿಲಿಗೆ ನೀರು ಹಾರಿ ಹೋಗ್ತೈತಿ, ಉಪ್ಪು ಹಾರಂಗಿಲ್ಲ, ಅಲ್ಲೇ ಕುಂತಿರ್ತೈತಿ. ಇಷ್ಟು ತಿಳಿಯಂಗಿಲ್ಲೇನು? ತಲಿಯೊಳಗ ಏನು ಇಟ್ಟೀರಿ?" ಎಂದು ಬೈದೇ ಕಳಿಸುತ್ತೇನೆ. ಹನುಮಂತಪ್ಪನೆಂಬ ಒಬ್ಬ ರೈತನಿಗಂತೂ ಹತ್ತು ವರ್ಷದಿಂದ ಬೈಯುತ್ತಿದ್ದೇನೆ. ಅವನೂ ಹತ್ತು ವರ್ಷದಿಂದ "ಖರೆ ಐತ್ರಿ ಮಿಸ್ತ್ರಿ" ಎನ್ನುತ್ತ ಚಹಾ ಕುಡಿದು ಹೋಗುತ್ತಾನೆ.

ಇಷ್ಟು ಹೇಳಿದ ಮೇಲೆ ನಮ್ಮ ಅಳಿಯಂದಿರ ಕಥೆಗೆ ಬರುತ್ತೇನೆ. ನನಗೆ ಒಬ್ಬಳೇ ಮಗಳು, ಸವಿತಾ. ಅವಳ ಗಂಡ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತಾರೆ. ನಮ್ಮ ಮನೆಯಿಂದ ಎರಡು ಓಣಿ ಆಚೆ ಬಾಡಿಗೆ ಮನೆ. ಒಳ್ಳೆಯ ಮನುಷ್ಯ, ಕುಡಿಯುವುದಿಲ್ಲ, ಜಗಳವಿಲ್ಲ, ಜೋರಾಗಿ ಸೀನುವುದೂ ಇಲ್ಲ. ಆದರೆ ಕೈಯಲ್ಲಿ ಒಂದು ಸ್ಕ್ರೂ ಡ್ರೈವರ್ ಕೊಟ್ಟರೆ ಅದನ್ನು ಪೆನ್ನಿನಂತೆ ಹಿಡಿಯುತ್ತಾರೆ. ಇಂಥವರು ಹೋದ ವರ್ಷ ಮನೆಯೊಳಗೆ ಸಮುದ್ರ ತಂದರು. ಗಾದಿಯಷ್ಟು ಉದ್ದದ ಗಾಜಿನ ತೊಟ್ಟಿ, ಅದರ ತುಂಬ ಉಪ್ಪುನೀರು, ಒಳಗೆ ಹವಳದ ಬಂಡೆ, ಬಂಡೆಯ ಸುತ್ತ ಬಣ್ಣಬಣ್ಣದ ಮೀನು. ಮೇಲೆ ನೀಲಿ ದೀಪ. ಎಲ್ಲಿಯ ಗಂಗಾವತಿ, ಎಲ್ಲಿಯ ಸಮುದ್ರ! ಇಲ್ಲಿ ಅರ್ಧ ತಾಲೂಕು ಉಪ್ಪಿನಿಂದ ಹಾಳಾಗಿ ಕೂತಿದೆ. ಈ ಮಹಾಶಯರು ಉಪ್ಪನ್ನು ಪೊಟ್ಟಣದಲ್ಲಿ ತರಿಸಿ, ಶುದ್ಧ ನೀರಿಗೆ ಹಾಕಿ, ಬಡಿಗೆಯಿಂದ ತಿರುವಿ ಸಮುದ್ರ ಮಾಡುತ್ತಾರೆ. ಓದು ಜಾಸ್ತಿಯಾದರೆ ಹೀಗೂ ಆಗುತ್ತದೆ.

ಸಮುದ್ರಕ್ಕೆ ಬಿಸಿಲು ತಡೆಯುವುದಿಲ್ಲವಂತೆ. ಆದ್ದರಿಂದ ಆ ಕೋಣೆಗೆ ಎ.ಸಿ., ಅದೂ ಸಾಲದು ಎಂದು ತೊಟ್ಟಿಯ ನೆತ್ತಿಯ ಮೇಲೆ ಎರಡು ಫ್ಯಾನು. ನಾನು ಹಬ್ಬದೂಟಕ್ಕೆ ಹೋದಾಗ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಬೆವರು ಸುರಿಸುತ್ತ ಹೋಳಿಗೆ ತಿಂದೆ. ಮೀನುಗಳು ಒಳಗೆ ತಂಪಾಗಿ ಓಡಾಡುತ್ತಿದ್ದವು. ಮುಂದಿನ ಜನ್ಮ ಇದ್ದರೆ ನಮ್ಮ ಅಳಿಯಂದಿರ ಮನೆಯ ಮೀನಾಗಿ ಹುಟ್ಟಬೇಕು. ಮಾವನಾಗಿ ಮಾತ್ರ ಬೇಡ.

ಆ ಮೀನುಗಳ ಬದುಕೋ, ಕೇಳಬೇಡಿ. ಕಿತ್ತಳೆ ಬಣ್ಣದ ಮೈಮೇಲೆ ಬಿಳಿ ಪಟ್ಟೆ ಇರುವ ಜೋಡಿಯೊಂದು ಇತ್ತು. ಅವು ಇಡೀ ದಿನ ಕೈಕಾಲಿಲ್ಲದ, ಬರೀ ಬೆರಳುಗಳ ಹೂವಿನಂಥ ಒಂದು ಪ್ರಾಣಿಯೊಳಗೆ ಹೊರಳಾಡುತ್ತವೆ. ಬೇರೆ ಮೀನು ಮುಟ್ಟಿದರೆ ಆ ಹೂವು ಕುಟುಕಿ ಕೊಲ್ಲುತ್ತದಂತೆ, ಈ ಜೋಡಿಗೆ ಮಾತ್ರ ಹಾಸಿಗೆ. ಇನ್ನು ಹಳದಿ ಮೀನೊಂದು ಬೆಳಗಿನಿಂದ ಸಂಜೆಯವರೆಗೆ ಬಂಡೆಯ ಪಾಚಿ ಮೇಯುತ್ತದೆ. ಎರಡು ನೀಲಿ ಮೀನುಗಳಿಗೆ ಜಗಳವೇ ಉದ್ಯೋಗ. ಆ ಮನೆಯಲ್ಲಿ ದುಡಿದು ತಿನ್ನುವ ಜೀವ ಒಂದೇ ಒಂದು, ಕೆಂಪು ಗೆರೆಯ ಸೀಗಡಿ. ಮೀನುಗಳು ಬಂದು ಬಾಯಿ ತೆರೆದು ನಿಲ್ಲುತ್ತವೆ; ಇದು ಒಳಗೆ ಹೊಕ್ಕು ಹಲ್ಲುಸಂದಿ, ಕಿವಿರು ಎಲ್ಲ ಸ್ವಚ್ಛ ಮಾಡಿ ಹೊರಬರುತ್ತದೆ. ಅದನ್ನು ಕಂಡರೆ ನನಗೆ ಗೌರವ. ಅದೂ ಶಾಲೆಗೆ ಹೋದಂತೆ ಕಾಣಲಿಲ್ಲ.

ಒಂದು ಸಂಜೆ ಅಳಿಯಂದಿರು ನಮಗೆ ಪಾಠ ಮಾಡಿದರು. "ಮಾವಾರ, ಈ ಪಟ್ಟೆ ಮೀನದೊಳಗ ಎಲ್ಲಾ ಹುಟ್ಟೂದು ಗಂಡಾಗೇರಿ. ದೊಡ್ಡದಾಗಿದ್ದು ಹೆಣ್ಣಾಗತೈತಿ. ಆ ಹೆಣ್ಣು ಸತ್ರ, ಅದರ ಗಂಡ ಹೆಣ್ಣಾಗತೈತ್ರಿ."

ನಮ್ಮ ಮನೆಯಾಕೆ ಶಾಂತವ್ವ ಸೆರಗು ಬಾಯಿಗಿಟ್ಟುಕೊಂಡಳು. ಆಮೇಲೆ ನನ್ನ ಕಡೆ ನೋಡಿ, "ಛಲೋ ಪದ್ಧತಿ ಬಿಡ್ರಿ. ನಾ ಸತ್ತ ಮ್ಯಾಲರೆ ಇವರಿಗೆ ರೊಟ್ಟಿ ಬಡಿಯೋದು ತಿಳಿದೀತು" ಎಂದಳು.

ಅಳಿಯಂದಿರು ಹವಳವನ್ನು ತೋರಿಸಿ, ಅದು ಕಲ್ಲಲ್ಲ, ಸಾವಿರಾರು ಸಣ್ಣ ಸಣ್ಣ ಪ್ರಾಣಿಗಳು ಒಟ್ಟಿಗೆ ಕಟ್ಟಿಕೊಂಡ ಮನೆ, ಒಂದು ತಲೆಮಾರು ಸತ್ತರೆ ಅದರ ಮೇಲೆ ಇನ್ನೊಂದು ತಲೆಮಾರು ಕಟ್ಟುತ್ತದೆ ಎಂದರು. ಶಾಂತವ್ವ ಕೊರಳಲ್ಲಿದ್ದ ತಾಳಿಯ ಹವಳ ಮುಟ್ಟಿಕೊಂಡು, "ಅಂದ್ರ ಇದೂ ಜೀವ ಇತ್ತೇನ್ರಿ?" ಎಂದು ಬೆಚ್ಚಿದಳು. "ಕಲ್ಲು ಅದು, ಕಲ್ಲು. ಅಳಿಯಂದ್ರು ಚ್ಯಾಷ್ಟಿ ಮಾಡ್ತಾರ" ಎಂದೆ. ಅಲ್ಲಿದ್ದದ್ದು ಮೂರು ಹವಳ: ಒಂದು ಹಸಿರು, ಒಂದು ಗುಲಾಬಿ, ಒಂದು ನೇರಳೆ. ನೇರಳೆಯದರ ಮೈತುಂಬ ಹಗಲಿಡೀ ಸಣ್ಣ ಸಣ್ಣ ಬೆರಳುಗಳು ಅರಳಿ ನೀರಿನಲ್ಲಿ ತೂಗುತ್ತಿದ್ದವು. ಕಲ್ಲಿಗೆ ಇಷ್ಟೊಂದು ಒಯ್ಯಾರವೇಕೆ ಎಂದು ನಾನೂ ಎರಡು ಸಲ ಬಗ್ಗಿ ನೋಡಿದ್ದು ನಿಜ.

ಈ ಬೇಸಿಗೆಯಲ್ಲಿ ಅಳಿಯಂದಿರಿಗೆ ಮೈಸೂರಿನಲ್ಲಿ ಹತ್ತು ದಿನದ ತರಬೇತಿ ಬಂತು. ಸವಿತಾಳೂ ಜೊತೆಗೆ ಹೊರಟಳು. ಸಮುದ್ರ ಯಾರು ನೋಡಬೇಕು? ಅಳಿಯಂದಿರು ತಲೆ ಕೆರೆದುಕೊಂಡು, "ನಮ್ಮ ಕೆಮಿಸ್ಟ್ರಿ ಲೆಕ್ಚರರಿಗೆ ಹೇಳ್ತೀನ್ರಿ, ಅವರಿಗೆ ನೀರಿಂದು ತಿಳೀತೈತಿ" ಎಂದರು.

ನನ್ನ ಎದುರಿಗೇ! ನೀರಿನದು ತಿಳಿಯುತ್ತದಂತೆ, ಕೆಮಿಸ್ಟ್ರಿಯವರಿಗೆ! ಮೇಜಿನ ಮೇಲಿದ್ದ ಕೀಲಿಕೈ ತೆಗೆದು ಜೇಬಿಗೆ ಹಾಕಿಕೊಂಡೆ. "ಅಳಿಯಂದ್ರ, ನಲವತ್ತು ವರ್ಷ ನೀರಿನ ಕೂಡ ಸಂಸಾರ ಮಾಡೀನಿ. ಇದರೊಳಗಿನ ಒಂದು ಜೀವ ಹೋದ್ರ ಅಂಗಡಿ ಬೋರ್ಡು ಇಳಿಸ್ತೀನಿ, ಬರಕೊಳ್ರಿ."

"ಅಪ್ಪಾ, ಬೋರ್ಡಿನ ಸುದ್ದಿ ಯಾಕ ಈಗ? ಇವರು ಹಾಳಿ ಬರದಾರ, ಅದನ್ನಷ್ಟು ಓದು" ಎಂದಳು ಸವಿತಾ. ಎರಡು ಪುಟದ ಹಾಳೆ. ಮೊದಲ ಸಾಲು: ‘ಮಾವನವರಲ್ಲಿ ವಿನಂತಿ, ದಯವಿಟ್ಟು ಯಾವ ಮೋಟಾರನ್ನೂ ಬಿಚ್ಚಬಾರದು.’ ಅಲ್ಲಿಗೇ ನನ್ನ ಓದು ಎರಡನೆಯ ಸಲ ನಿಂತಿತು. ಹಾಳೆಯನ್ನು ನಾಲ್ಕಾಗಿ ಮಡಿಚಿ ಅಂಗಿಯ ಜೇಬಿಗಿಟ್ಟೆ.

ಮೊದಲ ದಿನ ಹೋಗಿ ನೋಡಿದರೆ ನೀರು ಎರಡು ಬೆರಳು ಇಳಿದಿತ್ತು. ನಮ್ಮ ಬಿಸಿಲು, ಮೇಲೆ ಎರಡು ಫ್ಯಾನು, ಇಳಿಯದೆ ಏನು ಮಾಡೀತು? ಸಮುದ್ರ ಕಡಿಮೆಯಾಗಿದೆ, ಸಮುದ್ರ ತುಂಬಬೇಕು. ಇದಕ್ಕೆ ಕಾಲೇಜು ಬೇಕೆ? ಬಕೆಟ್ಟಿನಲ್ಲಿ ನೀರು ಹಿಡಿದು, ಪೊಟ್ಟಣದ ಉಪ್ಪು ಹಾಕಿ, ಉಪ್ಪಿನ ಬಲ ಅಳೆಯುವ ಗಾಜಿನ ಕೊಳವೆಯನ್ನು ಅದ್ದಿ, ಕಡ್ಡಿಯಷ್ಟೂ ಹೆಚ್ಚುಕಡಿಮೆಯಾಗದಂತೆ ಸಮುದ್ರ ತಯಾರಿಸಿ ಸುರಿದೆ. ದಿನಾ ಬೆಳಿಗ್ಗೆ ಅದೇ ಕೆಲಸ. ದಿನಾ ಬಕೆಟ್ಟನ್ನು ಅಳೆದೆ. ತೊಟ್ಟಿಯನ್ನು ಒಂದು ದಿನವೂ ಅಳೆಯಲಿಲ್ಲ. ಬಕೆಟ್ಟು ಸರಿಯಿದ್ದ ಮೇಲೆ ತೊಟ್ಟಿ ತಪ್ಪುವುದು ಹೇಗೆ?

ನಾಲ್ಕನೆಯ ದಿನ ನೇರಳೆ ಹವಳ ಬೆರಳುಗಳನ್ನೆಲ್ಲ ಒಳಕ್ಕೆ ಎಳೆದುಕೊಂಡಿತು. ಐದನೆಯ ದಿನ ಮೀನುಗಳು ಏದುಸಿರು ಬಿಡತೊಡಗಿದವು. ಪಟ್ಟೆಯ ಜೋಡಿ ಹಾಸಿಗೆ ಬಿಟ್ಟು ಮೂಲೆ ಸೇರಿತು. ಮೋಟಾರಿನದೇ ದೋಷ ಎಂದು ತೀರ್ಮಾನಿಸಿ ತೊಟ್ಟಿಯ ನೀರು ತಿರುಗಿಸುವ ಮೋಟಾರು ಬಿಚ್ಚಿದೆ. ತೊಳೆದೆ, ಎಣ್ಣೆ ಹಾಕದೆ ಕೈ ತಡೆದುಕೊಂಡು ಮತ್ತೆ ಜೋಡಿಸಿದೆ. ಮೋಟಾರಿನಲ್ಲಿ ಏನೂ ಕೆಟ್ಟಿರಲಿಲ್ಲ. ಶಾಂತವ್ವ ತೊಟ್ಟಿಯ ಮುಂದೆ ಕೈಮುಗಿದು, ಇವು ಬದುಕಿದರೆ ಹೇಮಗುಡ್ಡದ ಅಮ್ಮನಿಗೆ ಐದು ಕಾಯಿ ಒಡೆಸುತ್ತೇನೆಂದು ಹರಕೆ ಹೊತ್ತಳು. "ಮೀನಿಗೆ ಹರಕಿ ಹೊರತಾರೇನ?" ಎಂದೆ. "ಮೀನಿಗಲ್ಲ, ನಿಮ್ಮ ಬೋರ್ಡಿಗೆ" ಎಂದಳು. ಫೋನಿನಲ್ಲಿ ಅಳಿಯಂದಿರು "ಎಲ್ಲಾ ಅರಾಮ ಅದಾವೇನ್ರಿ ಮಾವಾರ?" ಎಂದರೆ ನಾನು "ನಿಮಗಿಂತ ಅರಾಮ ಅದಾವ" ಎಂದು ಫೋನಿಟ್ಟೆ.

ಏಳನೆಯ ದಿನ ಹನುಮಂತಪ್ಪ ಸುಟ್ಟ ಮೋಟಾರು ಹೊತ್ತು ಅಂಗಡಿಗೆ ಬಂದ. ಸಮುದ್ರದ ಸುದ್ದಿ ಅವನ ಕಿವಿಗೂ ಬಿದ್ದಿತ್ತು. "ಹುಟ್ಟಿದಾಗಿಂದ ಸಮುದ್ರ ನೋಡಿಲ್ರಿ ಮಿಸ್ತ್ರಿ, ಒಂದೀಟು ತೋರಿಸ್ರಿ" ಎಂದ. ನಗುವುದಕ್ಕಾದರೂ ಒಬ್ಬ ಜೊತೆಗಾರ ಸಿಕ್ಕ ಎಂದು ಕರೆದುಕೊಂಡು ಹೋದೆ.

ಹನುಮಂತಪ್ಪ ಮೀನು ನೋಡಲಿಲ್ಲ. ಹವಳ ನೋಡಲಿಲ್ಲ. ಗಾಜಿನ ಅಂಚಿಗೆ ಬೆಳ್ಳಗೆ ಕಟ್ಟಿಕೊಂಡಿದ್ದ ಪುಡಿಯನ್ನು ಬೆರಳಿನಿಂದ ಕೆರೆದು ನಾಲಿಗೆಗೆ ಹಚ್ಚಿಕೊಂಡ. ಆಮೇಲೆ ನೀರಿಗೂ ಬೆರಳು ಅದ್ದಿ ನೆಕ್ಕಿ, ಮುಖ ಕಿವಿಚಿದ.

"ಮಿಸ್ತ್ರಿ, ಇದು ನಮ್ಮ ಹೊಲಾನ ಐತಲ್ರಿ!"

"ಏನಂದಿ?"

"ನಮ್ಮ ಹೊಲ. ಬ್ಯಾಸಿಗ್ಯಾಗ ಹಿಂಗ ಇರ್ತೈತಿ. ದಿನಾ ಏನ್ ಹಾಕ್ತೀರಿ ಇದಕ?"

"ಉಪ್ಪುನೀರು. ಕಮ್ಮಿ ಆದಷ್ಟು."

ಅವನು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದ. ಮರ್ಯಾದಸ್ಥ; ತಡೆದುಕೊಳ್ಳಲು ಪ್ರಯತ್ನಪಟ್ಟದ್ದು ಕಾಣಿಸಿತು. ಆಗಲಿಲ್ಲ. ಅಳಿಯಂದಿರ ಸೋಫಾದ ಮೇಲೆ ಕುಕ್ಕರಿಸಿ ಟವೆಲ್ಲಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕ. "ನೀರು ಹಾರಿ ಹೋಗ್ತೈತಿ, ಉಪ್ಪು ಅಲ್ಲೇ ಕುಂತಿರ್ತೈತಿ. ಯಾರ್ರೀ ಇದನ್ನ ಹೇಳಿದವರು? ಹತ್ತು ವರ್ಷ ಬೈಸಿಕೊಂಡೀನ್ರಿ ಮಿಸ್ತ್ರಿ, ಹತ್ತು ವರ್ಷ! ತಲಿಯೊಳಗ ಏನು ಇಟ್ಟೀರಿ?"

ಜೇಬಿನಿಂದ ಹಾಳೆ ತೆಗೆದೆ. ನಾಲ್ಕನೆಯ ಸೂಚನೆ ಹೀಗಿತ್ತು: ‘ಕಡಿಮೆಯಾದ ನೀರಿಗೆ ಬರೀ ಸಿಹಿನೀರು ಹಾಕಬೇಕು, ಉಪ್ಪು ಖಂಡಿತ ಬೇಡ. ಸವಳು ಭೂಮಿಯ ಲೆಕ್ಕವೇ ಇದು, ಮಾವನವರಿಗೆ ವಿವರಿಸಬೇಕಾಗಿಲ್ಲ.’

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ವಿವರಿಸಬೇಕಾಗಿಲ್ಲವಂತೆ!

ಮುಂದಿನ ಮೂರು ದಿನ ಆ ಮನೆಯಲ್ಲಿ ನಾನು, ಹನುಮಂತಪ್ಪ ಸೇರಿ ಸವಳು ಹೊಲ ತೊಳೆಯುವಂತೆ ಸಮುದ್ರ ತೊಳೆದೆವು. ಒಂದು ತಂಬಿಗೆ ಉಪ್ಪುನೀರು ತೆಗೆ, ಒಂದು ತಂಬಿಗೆ ಸಿಹಿನೀರು ಬಿಡು. ಒಮ್ಮೆಲೇ ಅಲ್ಲ, ನಿಧಾನ. ಹೇಳಿಕೊಟ್ಟವನು ಅವನು. "ಜೋರು ಮಾಡಬ್ಯಾಡ್ರಿ ಮಿಸ್ತ್ರಿ, ಬೇರು ಕೊಳಿತಾವ" ಎನ್ನುತ್ತಿದ್ದ. ಮೀನಿಗೆ ಬೇರಿಲ್ಲ ಎಂದು ತಿದ್ದುವ ಧೈರ್ಯ ನನಗೆ ಉಳಿದಿರಲಿಲ್ಲ. ಮೀನುಗಳ ಉಸಿರು ಸಮನಾಯಿತು. ಪಟ್ಟೆಯ ಜೋಡಿ ಹಾಸಿಗೆಗೆ ಮರಳಿತು. ಹಸಿರು ಹವಳ ಅರಳಿತು, ಗುಲಾಬಿಯೂ ಅರಳಿತು. ನೇರಳೆಯದು ಬೆಳ್ಳಗಾಗಿ ನಿಂತಿತು. ಅದರ ಮುಂದೆ ನಾನು ಎಷ್ಟು ಹೊತ್ತು ಬಗ್ಗಿ ನಿಂತರೂ ಒಂದು ಬೆರಳೂ ಹೊರಗೆ ಬರಲಿಲ್ಲ. ಈಗ ಅದು ನಿಜವಾಗಿಯೂ ಕಲ್ಲು.

ಹತ್ತನೆಯ ದಿನ ಅಳಿಯಂದಿರು ಬಂದರು. ಚಪ್ಪಲಿ ಬಿಡುವ ಮೊದಲೇ ತೊಟ್ಟಿ ನೋಡಿದರು. ನಾನೇ ಎಲ್ಲ ಹೇಳಿದೆ, ಮೋಟಾರು ಬಿಚ್ಚಿದ್ದನ್ನೂ ಸೇರಿಸಿ. ಅವರು ಚಪ್ಪಲಿ ಬಿಟ್ಟು ಬಂದು, "ಇರ್ಲಿ ಬಿಡ್ರಿ ಮಾವಾರ. ಜೀವ ಹೋದ್ರ ಅಂದಿದ್ರಿ ನೀವು. ಹವಳ ಕಲ್ಲಂತ ನೀವೇ ಹೇಳಿದ್ರಲ್ಲ, ಕಲ್ಲಿಗೇನು ಜೀವ?" ಎಂದರು. ಓದಿದವರ ಈ ಸೌಜನ್ಯವಿದೆಯಲ್ಲ, ಅದಕ್ಕಿಂತ ದೊಡ್ಡ ಪೆಟ್ಟು ಯಾವ ಸುತ್ತಿಗೆಯಿಂದಲೂ ಬೀಳುವುದಿಲ್ಲ. ಶಾಂತವ್ವ ಕೊರಳಿನ ಹವಳ ಮುಟ್ಟಿಕೊಂಡಳು.

ಮನೆಗೆ ಹೋಗದೆ ನೇರ ಅಂಗಡಿಗೆ ಹೋಗಿ ಏಣಿ ಹಾಕಿದೆ.

ಈಗ ದಿನಾ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಆ ಮನೆಗೆ ಹೋಗಿ ಎರಡು ಬೆರಳು ಸಿಹಿನೀರು ಹಾಕಿ ಬರುತ್ತೇನೆ. ಯಾರೂ ಹೇಳಿದ್ದಲ್ಲ. ಹನುಮಂತಪ್ಪ ಬಂದರೆ ಚಹಾ ತರಿಸುತ್ತೇನೆ, ಬೈಯುವುದಿಲ್ಲ. ಲೆಕ್ಕ ಹಾಕಿದರೆ ನನ್ನ ಹತ್ತಿರ ಈಗ ಇರುವುದು ಇಷ್ಟು: ಅಂಗಡಿ ಒಂದು, ತಂತಿ ಸುತ್ತುವ ಯಂತ್ರ ಎರಡು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಅಳಿಯಂದಿರು ಒಬ್ಬರು. ಮೀನು ಐದು, ಕುಟುಕುವ ಹೂವು ಒಂದು, ಸೀಗಡಿ ಒಂದು, ಹವಳ ಎರಡು. ಬೋರ್ಡು ಒಂದು, ಅಂಗಡಿಯ ಒಳಗೆ, ಗೋಡೆಗೆ ಮುಖ ಮಾಡಿ.