ಮುಟ್ಟಿದರೆ ಮುನಿ, ಮುಟ್ಟಿಸಿಕೊಳ್ಳದ ಮೀನು

ವಿಜ್ಞಾನದ ಹೇಮಾ ಟೀಚರಿಗೆ ಬೆಳಿಗ್ಗೆ ಜ್ವರ ಬಂತು. ನಡುಕ ಶುರುವಾದದ್ದು ಮಾತ್ರ ಕನ್ನಡ ಮಾಸ್ತರ ಉಡಚಪ್ಪನವರಿಗೆ. ಅವತ್ತೇ ಮಾಸೂರಿನ ಹೈಸ್ಕೂಲಿಗೆ ಶಿಕ್ಷಣ ಇಲಾಖೆಯ ಸಾಹೇಬರ ತಪಾಸಣೆ, ಟೀಚರ ಬದಲಿಗೆ ಪಾಠ ಮಾಡಬೇಕಾದವರು ಇವರು. ಒಂಬತ್ತನೇ ತರಗತಿಯ ಪಾಠ: ಮುಟ್ಟಿದರೆ ಕರೆಂಟ್ ಹೊಡೆಯುವ ಕಡಲಿನ ವಿದ್ಯುತ್ ತೊರಕೆ ಮೀನಿಗೂ ಮುಟ್ಟಿದರೆ ಮುನಿ ಗಿಡಕ್ಕೂ ಹೋಲಿಕೆ.

"ಬಾಯಾರ, ನಾ ಸಮುದ್ರಾನ ನೋಡಿಲ್ಲರಿ."

"ಸಾಹೇಬ್ರೂ ನೋಡಿರಾಕಿಲ್ಲ ಬಿಡ್ರಿ," ಎಂದು ಹೆಡ್‌ಮಿಸ್ಟ್ರೆಸ್ ಹಮೀದುನ್ನೀಸಾ ಸೀಮೆಸುಣ್ಣ ಕೈಗಿಟ್ಟರು. "ತಪ್ಪಾತಂದ್ರ ನೋಟೀಸು ಇಬ್ಬರಿಗೂ ಬರತೈತಿ, ನೋಡ್ಕೊರಿ."

ಪಿ.ಟಿ. ಮಾಸ್ತರ ಹುಲಗೇಶ ಕರೆಯದೆಯೇ ನೆರವಿಗೆ ಬಂದ. ಕೆರೆ ದಂಡೆಯಿಂದ ಗಿಡವನ್ನು ಕಿತ್ತು ಬುಟ್ಟಿಯಲ್ಲಿ ತಂದ. ದಾರಿಯಲ್ಲಿ ಸಿಕ್ಕವರೆಲ್ಲ ಮುಟ್ಟಿ ಮುಟ್ಟಿ, ತರಗತಿ ಸೇರುವಷ್ಟರಲ್ಲಿ ಅದು ಸಿಟ್ಟಾದ ಬೀಗರ ಹಾಗೆ ಮುದುಡಿ ಕೂತಿತ್ತು. ಬೋರ್ಡಿನ ಮೇಲೆ ಉಡಚಪ್ಪ ಬರೆದ ಮೀನೋ, ಬಾಲ ಬಂದ ಜೋಳದ ರೊಟ್ಟಿ.

ಅಷ್ಟರಲ್ಲಿ ಕನ್ನಡಕದ ಅಪರಿಚಿತನೊಬ್ಬ ಚೀಲ ಹಿಡಿದು ಬಂದು ಹಿಂದಿನ ಬೆಂಚಿನಲ್ಲಿ ಕುಳಿತ. ಸಾಹೇಬರೇ ಬಂದರೆಂದು ಉಡಚಪ್ಪ ಅವಸರದಲ್ಲಿ ಪಾಠ ಶುರುಮಾಡಿದರು.

"ಎರಡನ್ನೂ ಮುಟ್ಟಬಾರದು ನೋಡ್ರಿ. ಗಿಡ ಮುಟ್ಟಿದ್ರ ಅದು ಮುದುಡತೈತಿ, ಮೀನ ಮುಟ್ಟಿದ್ರ ನಾವು ಮುದುಡತೇವಿ."

ಮಕ್ಕಳು ನಕ್ಕರು. ಮಾಹೀರಾ ಎದ್ದು ನಿಂತಳು. "ಸರ್, ಮೀನು ನೀರಾಗ ಇರತೈತಿ. ಅದರ ಕರೆಂಟ್ ಅದಕ್ಕ ಯಾಕ ಹೊಡಿಯಂಗಿಲ್ಲ?"

ಉಡಚಪ್ಪ ಏನಾದರೂ ಬುರುಡೆ ಬಿಡಬೇಕೆನ್ನುವಷ್ಟರಲ್ಲಿ ಹಿಂದಿನ ಬೆಂಚಿನವನೇ ಎದ್ದ.

"ಮಾಸ್ತರ, ಪಾಠ ಇನ್ನಾ ಎಷ್ಟ ಹೊತ್ತರಿ? ಫ್ಯಾನ್ ರಿಪೇರಿಗೆ ಬಂದೇನಿ."

ಉಡಚಪ್ಪನವರ ಎದೆಯ ಮೇಲಿನ ಬೀಸುಕಲ್ಲು ಇಳಿಯಿತು. ಮುಖವೆಲ್ಲ ನಗುವಾಯಿತು. "ಖರೇ ಹೇಳ್ತೇನಿ ಮಾಹೀರಾ, ನನಗ ಗೊತ್ತಿಲ್ಲ. ಈ ಮೀನಿನ ಹೆಸರು ಕೇಳಿದ್ದ ಇವತ್ತ ಮುಂಜಾನೆ. ನೀವೂ ಹುಡುಕ್ರಿ, ನಾನೂ ಹುಡುಕ್ತೇನಿ."

"ನಾನೂ ಹುಡುಕ್ತೇನ್ರಿ," ಎಂದ ಫ್ಯಾನಿನವನು. "ಇಪ್ಪತ್ತ ವರ್ಷ ಕರೆಂಟ್ ಕೆಲಸ ಮಾಡೇನಿ, ನನಗ ಇನ್ನೂ ಹೊಡಿತೈತಿ."

ಗಂಟೆ ಹೊಡೆಯಿತು. ಉಡಚಪ್ಪ ಹಗುರಾಗಿ ಹೊರಬಂದರೆ ಕಿಟಕಿಯ ಪಕ್ಕ ಹೆಡ್‌ಮಿಸ್ಟ್ರೆಸ್, ಜೊತೆಗೆ ಸಫಾರಿ ತೊಟ್ಟವರೊಬ್ಬರು.

"ಸಾಹೇಬ್ರು. ಅರ್ಧ ತಾಸಿನಿಂದ ಇಲ್ಲೇ ನಿಂತು ಕೇಳಾಕತ್ತಾರ."

ಉಡಚಪ್ಪ ಕೈ ಮುಗಿದು ಬುಟ್ಟಿಯ ಗಿಡಕ್ಕಿಂತ ಹೆಚ್ಚು ಮುದುಡಿದರು.

"ಗೊತ್ತಿಲ್ಲ ಅನ್ನೋ ಮಾಸ್ತರನ್ನ ಇವತ್ತ ನೋಡಿದೆ," ಎಂದರು ಸಾಹೇಬರು. "ಭಾಳ ಖುಷಿ ಆತು. ನೋಟೀಸು ಗೀಟೀಸು ಏನಿಲ್ಲ."

ಉಡಚಪ್ಪ ದೀರ್ಘವಾಗಿ ಉಸಿರುಬಿಟ್ಟರು. ಹುಲಗೇಶ ಬೆನ್ನು ತಟ್ಟಿದ.

"ಸೋಮವಾರದಿಂದ ಹಾನಗಲ್, ಶಿಗ್ಗಾಂವಿ, ಸವಣೂರು, ಮೂರೂ ಕಡೆ ಮಾಸ್ತರ ಮುಂದ ನಿಮ್ಮ ಪಾಠ ಇಡ್ತೇನಿ," ಎಂದು ಸಾಹೇಬರು ಮುಂದುವರಿಸಿದರು.

"ಇದ ಪಾಠ ಏನ್ರಿ ಸಾಹೇಬ್ರ?" ಉಡಚಪ್ಪ ಆಸೆಯಿಂದ ಕೇಳಿದರು.

"ಛೆ, ಇದನ್ನ ನೀವು ಕಲ್ತಬಿಟ್ರಲ್ಲ. ನಿಮಗ ಏನೇನ್ ಗೊತ್ತಿಲ್ಲ, ಒಂದು ಪಟ್ಟಿ ಮಾಡಿ ಕೊಡ್ರಿ."